ಅಗ್ಗದ ವೈಟ್ ವೈನನ್ನು ಊಟಕ್ಕೆ ಒಗ್ಗಿಸಿಕೊಂಡ ಬಗೆ

ಬೆಲೆ ಇಳಿಸಿ ಮಾರುತ್ತಿದ್ದ ವೈಟ್ ವೈನ್ ಬಾಟಲಿಯೊಂದನ್ನು ಮೊದಲ ಸಲ ಮನೆಗೆ ತಂದಾಗ ನಾನು ಅದನ್ನು ಕುಡಿಯಲೇ ಇಲ್ಲ. ಕೆಲವು ವಾರ ಫ್ರಿಜ್ಜಿನಲ್ಲಿದ್ದ ಬಾಟಲಿಯನ್ನು ಹೊರತೆಗೆದಾಗ ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂಥ ಚೂರುಗಳು ಹೊಳೆಯುತ್ತಿದ್ದವು. ಗಾಜು ಒಡೆದಿರಬೇಕೆಂದು ಹೆದರಿ ಅಷ್ಟನ್ನೂ ಸಿಂಕಿಗೆ ಸುರಿದುಬಿಟ್ಟೆ. ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲದ ಲವಣ ತಂಪಿಗೆ ಹೀಗೆ ಹರಳುಗಟ್ಟುತ್ತದೆ, ಅದರಿಂದ ಯಾವ ಅಪಾಯವೂ ಇಲ್ಲ ಎಂದು ತಿಳಿದದ್ದು ಆಮೇಲೆ. ಈಗ ಅಂಥ ಬಾಟಲಿ ಸಿಕ್ಕರೆ ಅಲುಗಾಡಿಸದೆ ಬಗ್ಗಿಸಿ, ಕೊನೆಯ ಗುಟುಕನ್ನು ತಳದಲ್ಲೇ ಬಿಡುತ್ತೇನೆ.

ಕೊಳ್ಳುವಾಗ ಮೊದಲು ನೋಡುವುದು ಲೇಬಲ್ಲಿನ ಮೇಲಿರುವ, ದ್ರಾಕ್ಷಿ ಕೊಯ್ಲಿನ ವರ್ಷವನ್ನು. ಕಡಿಮೆ ಬೆಲೆಯ ವೈಟ್ ವೈನುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷಗಳಲ್ಲಿ ಕುಡಿಯುವುದಕ್ಕೆಂದೇ ತಯಾರಾಗಿರುವುದರಿಂದ, ನಾಲ್ಕೈದು ವರ್ಷ ಹಳೆಯ ಬಾಟಲಿಗೆ ಸಿಗುವ ರಿಯಾಯಿತಿ ನನಗೆ ಲಾಭವಾಗಿ ಕಾಣುವುದಿಲ್ಲ. ಹೆಸರಾಂತ ಪ್ರದೇಶದ ಅತಿ ಅಗ್ಗದ ವೈನಿಗಿಂತ, ಫ್ರಾನ್ಸಿನ ಲುವಾರ್ ನದಿ ಸಮುದ್ರ ಸೇರುವ ಕಡೆಯ ಮಸ್ಕಡೆ, ಪೋರ್ಚುಗಲ್ಲಿನ ವಿನ್ಯೋ ವೆರ್ದೆ, ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್ ಇವುಗಳ ಸಾಧಾರಣ ಬಾಟಲಿಗಳು ನನಗೆ ಹೆಚ್ಚು ಬಾರಿ ಒಪ್ಪಿಗೆಯಾಗಿವೆ.

ಆದರೆ ಆಯ್ಕೆಗಿಂತ ಹೆಚ್ಚಿನ ವ್ಯತ್ಯಾಸ ಮಾಡಿದ್ದು ತಂಪಿನ ಹದ. ಒಂದು ಸಂಜೆ ಒಂದೇ ಬಾಟಲಿಯಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕಿನಷ್ಟು ಬಗ್ಗಿಸಿಕೊಂಡು, ಅಡುಗೆಯ ಥರ್ಮಾಮೀಟರ್ ಅದ್ದಿ ನೋಡುತ್ತ ಕುಡಿದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ, 4 ಡಿಗ್ರಿಯ ಆಸುಪಾಸಿನಲ್ಲಿ, ಪರಿಮಳವೇ ಇರಲಿಲ್ಲ. ನಾಲಗೆಗೆ ತಾಗಿದ್ದು ಬರಿಯ ಹುಳಿ. 8ರಿಂದ 10 ಡಿಗ್ರಿಗೆ ಬಂದಾಗ ನಿಂಬೆ ಸಿಪ್ಪೆಯ, ಹಸಿರು ಸೇಬಿನ ವಾಸನೆ ಏಳತೊಡಗಿತು. ಕೋಣೆಯ ಬಿಸಿಗೆ ಬಂದ ಮೇಲೆ ಹಣ್ಣಿನ ಗುಣ ಹಿಂದೆ ಸರಿದು ಆಲ್ಕೋಹಾಲಿನ ಖಾರವಷ್ಟೇ ಮೂಗಿಗೆ ಹೊಡೆಯಿತು. ಹಾಗಾಗಿ ಈಗ ಊಟಕ್ಕೆ ಕಾಲು ಗಂಟೆ ಮೊದಲು ಬಾಟಲಿಯನ್ನು ಫ್ರಿಜ್ಜಿನಿಂದ ಹೊರಗಿಡುತ್ತೇನೆ. ಫ್ರಿಜ್ಜಿನಲ್ಲಿ ಮೊದಲೇ ಇಡಲು ಮರೆತಿದ್ದರೆ ಬಕೆಟ್ಟಿನಲ್ಲಿ ಐಸು, ನೀರು, ಒಂದು ಹಿಡಿ ಉಪ್ಪು ಹಾಕಿ ಕುತ್ತಿಗೆಯವರೆಗೆ ಮುಳುಗಿಸಿದರೆ ಸುಮಾರು ಇಪ್ಪತ್ತು ನಿಮಿಷ ಸಾಕು. ಬರಿಯ ಐಸಿನ ತುಂಡುಗಳ ನಡುವೆ ಗಾಳಿ ನಿಲ್ಲುವುದರಿಂದ ಅಷ್ಟು ಬೇಗ ತಣಿಯದು. ವೈನ್ ನಿಜಕ್ಕೂ ಸಪ್ಪೆಯಾಗಿದ್ದರೆ ಮಾತ್ರ ನಾನು ಅದನ್ನು ಬೇಕೆಂದೇ ಇನ್ನಷ್ಟು ತಣ್ಣಗೆ ಕುಡಿಯುತ್ತೇನೆ, ಏಕೆಂದರೆ ತಂಪು ಗುಣವನ್ನು ಮರೆಸುವಂತೆ ದೋಷವನ್ನೂ ಮರೆಸುತ್ತದೆ.

ಇನ್ನು ತಟ್ಟೆಯ ವಿಚಾರ. ತೀರಾ ಹುಳಿಯೆನಿಸಿದ ವೈನನ್ನು ಒಂದು ಗುಟುಕು ಕುಡಿದು, ಬೆರಳ ತುದಿಯಲ್ಲಿ ಉಪ್ಪು ನೆಕ್ಕಿ, ಮತ್ತೆ ಕುಡಿದು ನೋಡಿದೆ. ಎರಡನೆಯ ಗುಟುಕು ಬೇರೆ ಬಾಟಲಿಯದೇನೋ ಎಂಬಷ್ಟು ಮೆತ್ತಗಾಗಿತ್ತು. ಉಪ್ಪು ಹುಳಿಯ ಮೊನಚನ್ನು ತಗ್ಗಿಸುತ್ತದೆ, ಹುಳಿ ಎಣ್ಣೆಯ ಜಿಡ್ಡನ್ನು ನಾಲಗೆಯಿಂದ ತೊಳೆಯುತ್ತದೆ. ಕರಿದ ಮೀನಿನ ಜೊತೆ ಅಗ್ಗದ ವೈನೂ ಮಾನ ಉಳಿಸಿಕೊಳ್ಳುವುದು ಇದರಿಂದಲೇ. ಅಡುಗೆಯೇ ವೈನಿಗಿಂತ ಹುಳಿಯಾದರೆ ವೈನ್ ನೀರುನೀರಾಗುತ್ತದೆ, ಅಡುಗೆ ಸಿಹಿಯಾದರೆ ಒಣ ವೈನ್, ಅಂದರೆ ಸಿಹಿಯಿಲ್ಲದ ವೈನ್, ಇನ್ನಷ್ಟು ಹುಳಿಯೆನಿಸುತ್ತದೆ. ಮೆಣಸಿನ ಖಾರದ ಊಟಕ್ಕೆ 13 ಶೇಕಡಾ ಆಲ್ಕೋಹಾಲಿನ ಒಣ ವೈನ್ ಕುಡಿದು ಬಾಯಿ ಉರಿಸಿಕೊಂಡ ಮೇಲೆ, ಆಲ್ಕೋಹಾಲ್ ಆ ಉರಿಯನ್ನು ಹೆಚ್ಚಿಸುತ್ತದೆಂದು ಅರಿತು, ತುಸು ಸಿಹಿಯುಳ್ಳ, 9 ಶೇಕಡಾ ಆಸುಪಾಸಿನ ಜರ್ಮನ್ ರೀಸ್ಲಿಂಗಿಗೆ ಬದಲಾದೆ.

ಒಬ್ಬನೇ ಉಣ್ಣುವ ದಿನ 750 ಮಿಲಿಲೀಟರಿನ ಬಾಟಲಿ ನನಗೆ ಹೆಚ್ಚಾಗುತ್ತದೆ. ತೆರೆದ ಕೂಡಲೇ ಅರ್ಧದಷ್ಟನ್ನು ತೊಳೆದಿಟ್ಟ 375 ಮಿಲಿಲೀಟರಿನ ಬಾಟಲಿಗೆ ಕಂಠಮಟ್ಟ ತುಂಬಿಸಿ, ತಿರುಪು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡುತ್ತೇನೆ. ಒಳಗೆ ಗಾಳಿ ಕಡಿಮೆಯಾದ್ದರಿಂದ ಮೂರು ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೂ ಉಳಿದ ಅರ್ಧ ಗ್ಲಾಸನ್ನು ಮೀನು ಹುರಿದ ಬಾಣಲೆಗೆ ಸುರಿದು, ತಳಕ್ಕೆ ಹಿಡಿದ ಕಂದು ಕಂಟನ್ನು ಮರದ ಸೌಟಿನಿಂದ ಕೆರೆದು, ಅರ್ಧಕ್ಕೆ ಇಂಗಿಸಿ, ಒಂದು ಚಮಚ ಬೆಣ್ಣೆ ಬೆರೆಸಿ ಅದೇ ಮೀನಿನ ಮೇಲೆ ಹಾಕಿಕೊಳ್ಳುತ್ತೇನೆ.