ಎಳ್ಳು, ಕಡ್ಲಿ, ಲಿಂಬಿ: ನಮ್ಮ ಹಾಸ್ಟೆಲ್ ಹುಡಿಗ್ಯಾರ ಡೇಟಿನ ಲೆಕ್ಕ

ಮದಲ ಹೇಳಿಬಿಡ್ತೇನಿ, ನಾ ಡಾಕ್ಟರೂ ಅಲ್ಲ ನರ್ಸೂ ಅಲ್ಲ. ಇಂಡಿ ತಾಲೂಕಿನ್ಯಾಗ ಹೆಣ್ಮಕ್ಕಳ ಹಾಸ್ಟೆಲ್ ನೋಡ್ಕೊಂಡು ಹನ್ನೊಂದ ವರ್ಷ ಆತು, ಐವತ್ತೆಂಟ ಹುಡಿಗ್ಯಾರು, ಆರನೇತ್ತಿಂದ ಎಸ್ಸೆಸ್ಸೆಲ್ಸಿ ತನಕ. ಅರ್ಧಕ್ಕರ್ಧ ಹುಡಿಗ್ಯಾರ ಅವ್ವ ಅಪ್ಪ ಗೋವಾಕ್ಕೋ ಮಹಾರಾಷ್ಟ್ರದ ಕಬ್ಬಿಗೋ ದುಡಿಯಾಕ ಹೋಗಿರ್ತಾರ, ಹಿಂಗಾಗಿ ದೊಡ್ಡಾಕಿ ಆದ್ರೂ ನಮ್ಮ ಕಡೇನ, ಹೊರಗಾದ್ರೂ ನಮ್ಮ ಕಡೇನ. ನೀವೂ ವಾರ್ಡನ್ ಇದ್ರ ಗೊತ್ತಿರತೈತಿ, ರಾತ್ರಿ ಎರಡಕ್ಕ ಬಾಗಲಾ ಬಡದು ‘ಅಕ್ಕೋರ, ಆಕಿ ವಾಂತಿ ಮಾಡ್ಕೊಳ್ಳಾಕತ್ತಾಳ’ ಅಂತಾರಲ್ಲ, ಅದು. ಪ್ಯಾಡ್ ಯಾವುದು, ಬಿಸಿನೀರ ಚೀಲ ಹೆಂಗ ಇಡೂದು, ಇವೆಲ್ಲಾ ನಿಮಗ ಗೊತ್ತಿದ್ದದ್ದ, ಅದನ್ನ ಬರ್ಯಾಂಗಿಲ್ಲ.

ನಾ ಬರೀತಿರೂದು ಡೇಟಿನ, ಅಂದ್ರ ಮುಟ್ಟಿನ, ಲೆಕ್ಕದ ಬಗ್ಗೆ. 2022ರ ಜೂನ್‌ನ್ಯಾಗ ಶುರು ಮಾಡಿದಾಗ ನಮ್ಮ ಅಡಗಿಯಾಕಿ ಮದಲಗೊಂಡು ಮ್ಯಾಲಿನವರ ತನಕ ಎಲ್ಲಾರೂ ನಕ್ಕಾರ. ‘ಹಾಲಿನ ಲೆಕ್ಕ ಬರದಂಗ ಮುಟ್ಟಿನ ಲೆಕ್ಕ ಬರೀತಾಳ’ ಅಂತ. ಈಗ ಅದೇ ಹಾಳಿ ಬ್ಯಾರೆ ಎರಡ ಹಾಸ್ಟೆಲ್‌ನವರು ಝೆರಾಕ್ಸ್ ಮಾಡ್ಸಿ ಒಯ್ದಾರ. ಒಂದೀಟ ಜಂಬ ಐತಿ ನನಗ, ಇರ್ಲಿ.

ಮದಲನೇ ಸೋಲು ಗ್ವಾಡಿ ಕ್ಯಾಲೆಂಡರ್. ಪಡಸಾಲ್ಯಾಗ ದೊಡ್ಡದೊಂದ ತೂಗಹಾಕಿ, ಡೇಟ್ ಬಂದಾಕಿ ತನ್ನ ನಂಬರ್ ಮುಂದ ಕೆಂಪ ಚುಕ್ಕಿ ಇಡಬೇಕು ಅಂತ ಹೇಳಿದ್ದೆ. ಒಂದ ತಿಂಗಳೂ ನಡೀಲಿಲ್ಲ. ಇನ್ಸ್ಪೆಕ್ಷನ್‌ಗೆ ಬಂದ ಸಾಹೇಬ್ರು ‘ಇದೇನ್ರಿ ಚುಕ್ಕಿ, ರಜಾದ್ದೇನು?’ ಅಂತ ಎಲ್ಲಾರ ಮುಂದ ಕೇಳಿದ್ರು, ಹುಡಿಗ್ಯಾರು ನೆಲದಾಗ ಇಳದ ಹೋದ್ರು. ಮರದಿನಾನ ತಗದೆ. ಆಮ್ಯಾಲ ನೋಟ್‌ಬುಕ್ ಇಟ್ಟೆ ನನ್ನ ಟೇಬಲ್ ಮ್ಯಾಲ, ಎಲ್ಲಾರೂ ಒಬ್ಬಾಕಿದ ನೋಡಿ ಒಬ್ಬಾಕಿ ‘ಮೂರ ದಿನ, ಮೂರ ದಿನ’ ಅಂತ ಬರದ್ರು. ಮೂರ ದಿನಕ್ಕಿಂತ ಹೆಚ್ಚ ಬರದ್ರ ಏನೋ ರೋಗ ಐತಿ ಅಂದ್ಕೊಂತಾರ ಅಂತ ಅವರ ಅಂಜಿಕಿ. ನಲವತ್ತ ರೂಪಾಯಿದು ಆ ನೋಟ್‌ಬುಕ್ ಇನ್ನೂ ಐತಿ, ಸುಳ್ಳಿನ ಪುರಾಣ.

ಕಡೀಕ ಹತ್ತಿದ್ದು ಟ್ರಂಕಿನ ಮುಚ್ಚಳ. ಪ್ರತಿ ಹುಡಿಗಿ ಟ್ರಂಕಿಗೆ ಕೀಲಿ ಇರತೈತಲ್ಲ, ಮುಚ್ಚಳದ ಒಳಗಿನ ಮಗ್ಗಲಕ್ಕ ಒಂದ ಹಾಳಿ ಅಂಟಿಸಿಕೊಟ್ಟೆ. ಪ್ಯಾಡಿನ ಚಿತ್ರದ ಚಾರ್ಟ್ ಟ್ರೇನಿಂಗ್‌ನ್ಯಾಗ ನೀವೂ ನೋಡಿರ್ತೀರಿ, ಸ್ವಲ್ಪ ತೊಯ್ದಿದ್ರ 1, ಅರ್ಧ ತೊಯ್ದಿದ್ರ 5, ಪೂರಾ ತೊಯ್ದಿದ್ರ 20, ಒಂದ ಸಲದ ಡೇಟಿಗೆ ಕೂಡಿಸಿ 100 ದಾಟಿದ್ರ ಅದು ಹೆಚ್ಚ ಹೋಗೂದು ಅಂತ ಲೆಕ್ಕ. ಆ ಚಿತ್ರಾ ನೋಡಿ ನಮ್ಮ ಹುಡಿಗ್ಯಾರು ಮುಖಾ ಮುಚ್ಕೊಂಡ ನಗತಿದ್ರು, ಅದಕ್ಕ ಎಳ್ಳು, ಕಡ್ಲಿ, ಲಿಂಬಿ ಅಂತ ಹೆಸರಿಟ್ಟೆ. ಇಂಡಿ ಅಂದಮ್ಯಾಲ ಲಿಂಬಿ ಬಿಟ್ಟು ಇನ್ನೇನ ಇಡೂದು. ಪ್ಯಾಡ್ ಬದಲ್ ಮಾಡಿ ಬಂದಾಕಿ ಟ್ರಂಕ್ ತಗದು ಒಂದ ಚುಕ್ಕಿಯೋ ಸಣ್ಣ ಸೊನ್ನೆಯೋ ದೊಡ್ಡ ಸೊನ್ನೆಯೋ ಇಡೂದು, ಅಷ್ಟ. ರಗತದ ಗಡ್ಡಿ ಬಿದ್ರ, ರೂಪಾಯಿ ನಾಣ್ಯಕ್ಕಿಂತ ಸಣ್ಣದಿದ್ರ ಒಂದ ಗೀಟು, ದೊಡ್ಡದಿದ್ರ ಗೀಟಿಗೆ ಸುತ್ತು. ‘ಅಕ್ಕೋರ ನನಗ ಇವತ್ತ ನಾಕ ಲಿಂಬಿ’ ಅಂದ್ರ ಪಕ್ಕದಾಗ ನಿಂತ ವಾಚ್‌ಮನ್ನಗೂ ತಿಳ್ಯಾಂಗಿಲ್ಲ. ಮತ್ತ ಹುಡಿಗ್ಯಾರು ಖರೇ ಬರೀಬೇಕಂದ್ರ ನಾ ಒಂದ ಉಪಾಯ ಮಾಡೀನಿ, ಅದನ್ನ ಇಲ್ಲೆ ಬರ್ಯಾಂಗಿಲ್ಲ, ಬರದ್ರ ನಮ್ಮ ಹುಡಿಗ್ಯಾರ ಕಣ್ಣಿಗೂ ಬೀಳತೈತಿ, ಆಟಾನ ಮುಗೀತು.

ಮೂರ ತಿಂಗಳ ಹಾಳಿ ಕೂಡಿದಾಗ ನನಗ ತಿಳದದ್ದು, ನಾ ಇಷ್ಟ ದಿನ ತಪ್ಪ ಹುಡಿಗ್ಯಾರ ಹಿಂದ ಓಡ್ಯಾಡಿದ್ದೆ. ಅಳೂ ಹುಡಿಗ್ಯಾರಿಗೆ ಹೆಚ್ಚ ಹೋಗತಿದ್ದಿಲ್ಲ, ಹೆಚ್ಚ ಹೋಗೂ ಹುಡಿಗ್ಯಾರು ಅಳತಿದ್ದಿಲ್ಲ. ಸುಮ್ಮನ ಕುಂದರತಿದ್ರು, ಮುಖಾ ಬಿಳಚಿ, ಪಿಟಿ ಪಿರಿಯಡ್‌ನ್ಯಾಗ ಮರದ ಕೆಳಗ.

ಡೇಟ್ ಹಿಂದಮುಂದ ಆಗೂದನ್ನ ಬೇಗ ಮುಗಸ್ತೇನಿ. ದೊಡ್ಡಾಕಿ ಆಗಿ ಎರಡ ಮೂರ ವರ್ಷ ಆಗದಿದ್ದಾಕಿಗೆ ಇಪ್ಪತ್ತೊಂದ ದಿನದಿಂದ ನಲವತ್ತೈದ ದಿನದ ತನಕ ಹೆಂಗ ಬಂದ್ರೂ ನಾ ಕೈ ಹಾಕೂದಿಲ್ಲ. ತೊಂಬತ್ತ ದಿನ ದಾಟಿದ್ರ ದವಾಖಾನಿ. ಮದಲ ಈ ಗೆರಿ ನನಗ ಗೊತ್ತಿರಲಿಲ್ಲ, ಒಬ್ಬಾಕಿಗೆ ಮೂರೂವರಿ ತಿಂಗಳ ಬರಲಿಲ್ಲಂತ ಎಳ್ಳ ಬೆಲ್ಲದ ಉಂಡಿ ತಿನ್ನಿಸಿ ತಿನ್ನಿಸಿ ಸಾಕಾತು, ಮುಖದ ತುಂಬ ಗುಳ್ಳಿ ಎದ್ದುವ ಹೊರ್ತು ಡೇಟ್ ಬರಲಿಲ್ಲ. ಕಡೀಕ ಮುನ್ನೂರ ರೂಪಾಯಿ ಟೆಸ್ಟ್‌ನ್ಯಾಗ ಥೈರಾಯ್ಡ್ ಅಂತ ಗೊತ್ತಾತು, ಈಗ ಮುಂಜಾನೆ ಖಾಲಿ ಹೊಟ್ಟಿಗೆ ಗುಳಿಗಿ, ಎರಡ ತಿಂಗಳಿಗೆ ಸರಿಯಾತು. ಎಳ್ಳಿಗೆ ಹೋದ ರೊಕ್ಕ ಟೆಸ್ಟ್‌ಕಿಂತ ಜಾಸ್ತಿ ಅನಸ್ತೈತಿ. ಇನ್ನೊಬ್ಬಾಕಿಗೆ ಸ್ಕ್ಯಾನ್ ಮಾಡ್ಸಿ ಪಿಸಿಒಡಿ (ಅಂಡಾಶಯದಾಗ ನೀರಗುಳ್ಳಿ) ಅಂತ ಹೇಳಿ ಅವರಪ್ಪನ ಕಡೆ ಆರೇಳ ಸಾವಿರ ಕಿತ್ಕೊಂಡಿದ್ರು ಒಂದ ಕಡೆ. ಈ ವಯಸ್ಸಿನ್ಯಾಗ ಬರೇ ಸ್ಕ್ಯಾನ್ ನೋಡಿ ಹಂಗ ಹೇಳಾಕ ಬರೂದಿಲ್ಲ, ಸಣ್ಣ ಹುಡಿಗ್ಯಾರ ಅಂಡಾಶಯ ಹಂಗ ಕಾಣಸ್ತಾವ ಅಂತ ವಿಜಯಪುರದ ಡಾಕ್ಟರ್ ಬಾಯಿ ಹೇಳಿದಮ್ಯಾಲ ಅವರಪ್ಪ ನನ್ನ ಮುಂದ ಕುಂತು ಅತ್ತಬಿಟ್ಟ.

ಹೊಟ್ಟಿ ಬ್ಯಾನಿ ಮಾತ್ರ ಲೆಕ್ಕದಿಂದ ಅರ್ಧ ಕಡಿಮಿ ಆತು ಅಂದ್ರ ನಂಬಂಗಿಲ್ಲ ನೀವು. ಗುಳಿಗಿ ಅದೇ, ಟೈಮಷ್ಟ ಬದಲಾತು. ಮದಲ ಏನ್ ಮಾಡತಿದ್ವಿ, ಹುಡಿಗಿ ನೆಲದ ಮ್ಯಾಲ ಉಳ್ಳಾಡಿ ವಾಂತಿ ಮಾಡಿದಮ್ಯಾಲ ಒಂದ ಮೆಫ್ಟಾಲ್ ಅನ್ನೂ ಬ್ಯಾನಿ ಗುಳಿಗಿ, ಅದೂ ವಾಂತ್ಯಾಗ ಹೊರಗ. ಈಗ ಹಾಳಿ ನೋಡಿದ್ರ ಯಾರದು ಯಾವ ವಾರ ಅಂತ ಗೊತ್ತಿರತೈತಿ, ಸೊಂಟ ಹಿಡಕೊಳ್ಳಾಕ ಹತ್ತಿದ ಕೂಡ್ಲೆ ಒಂದ ತುತ್ತ ಅನ್ನ ತಿನ್ನಿಸಿ ಗುಳಿಗಿ, ಆಮ್ಯಾಲ ಡಾಕ್ಟರ್ ಬರದ ತಾಸಿಗೆ ಸರಿಯಾಗಿ ಮತ್ತೊಂದ, ಎರಡ ದಿನ, ಬ್ಯಾನಿ ಇರಲಿ ಬಿಡಲಿ. ಡೋಸ್ ನಾ ಹೇಳ್ಯಾಂಗಿಲ್ಲ, ಪ್ರತಿ ಹುಡಿಗಿಗೂ ಡಾಕ್ಟರ್ ಚೀಟಿ ಬ್ಯಾರೆ, ಚೀಟಿ ಇಲ್ಲದಾಕಿಗೆ ನನ್ನ ಡ್ರಾ ತಗಿಯೂದಿಲ್ಲ. ತಿಂಗಳಿಗೆ ಹದಿನಾರ ಹದಿನೇಳ ಹುಡಿಗ್ಯಾರು ಸಾಲಿ ತಪ್ಪಸ್ತಿದ್ರು, ಈಗ ಮೂರೋ ನಾಕೋ.

ನಡಕ ಒಂದ ಗದ್ದಲ ಆತು. 2023ರ ಡಿಸೆಂಬರ್‌ನ್ಯಾಗ ಮೆಫ್ಟಾಲ್‌ದಾಗ ಇರೂ ಮೆಫೆನಾಮಿಕ್ ಆಸಿಡ್ ಬಗ್ಗೆ ಸರಕಾರದಿಂದ ಎಚ್ಚರಿಕಿ ಬಂತಲ್ಲ, ಅಪರೂಪಕ್ಕ ಮೈಮ್ಯಾಲ ಗಂದಿ ಎದ್ದು ಜ್ವರ ಬಂದು ಒಳಗಿನ ಅಂಗಕ್ಕ ಪೆಟ್ಟಾಗತೈತಿ ಅಂತ, ಅದು ವಾಟ್ಸಾಪ್‌ನ್ಯಾಗ ಓಡಿ ಓಡಿ ನಮ್ಮೂರಿಗೆ ಬರೂದ್ರಾಗ ‘ಆ ಗುಳಿಗಿ ತಿಂದ್ರ ಹುಡಿಗ್ಯಾರು ಸಾಯ್ತಾರ’ ಅಂತ ಆಗಿತ್ತು. ನಾನೂ ಅಂಜಿ ಒಂದ ತಿಂಗಳ ಬಂದ್ ಮಾಡಿದೆ. ಆ ತಿಂಗಳದ ರಾತ್ರಿಗೋಳು ನನಗ ಗೊತ್ತು. ಡಾಕ್ಟರ್ ಬಾಯಿ ಹೇಳಿದ್ದು ಇಷ್ಟ, ಗಂದಿ ಜ್ವರ ಕಂಡ್ರ ನಿಲ್ಲಿಸಿ ಕರ್ಕೊಂಡ ಬರ್ರಿ, ಇಲ್ಲಂದ್ರ ಚೀಟಿ ಪ್ರಕಾರ ಕೊಡ್ರಿ.

ಶಾಖದ್ದೂ ಒಂದ ಕತಿ ಐತಿ. ಕರೆಂಟಿನ ಚೀಲ ಆರು ತಂದಿದ್ದೆ, ಒಂದಕ್ಕ ಎರಡನೂರಾ ಎಂಬತ್ತೋ ಏನೋ, ಎರಡ ಸೋರಿದುವು, ಒಂದು ಚಾರ್ಜಿಗೆ ಹಾಕಿದಾಗ ಪಟ್ ಅಂತು, ಎಲ್ಲಾ ಮ್ಯಾಲ ಏರಿಸಿಟ್ಟೆ. ಆಮ್ಯಾಲ ಹಳೇ ಕಾಲಚೀಲದಾಗ ಜ್ವಾಳಾ ತುಂಬಿ ಬಾಯಿ ಹೊಲದು ಹಂಚಿನ ಮ್ಯಾಲ ಕಾಸಿ ಕೊಟ್ಟೆ. ಏನ್ ಛಲೋ ಹಿಡದು ಕುಂದರತೈತಿ ಹೊಟ್ಟಿಗೆ, ಅರ್ಧ ತಾಸ ಹತ್ತರ ಬಿಸಿ ಇರತೈತಿ. ಮುಂದ ನುಸಿ ಹತ್ತಿತು, ಮತ್ತ ಅಡಗಿಯಾಕಿ ‘ರೊಟ್ಟಿ ಬಡಿಯೂ ಹಂಚಿನ ಮ್ಯಾಲ ಕಾಲಚೀಲಾ ಇಡ್ತೀರಲ್ರಿ’ ಅಂತ ಎರಡ ದಿನ ಮಾತ ಬಿಟ್ಲು. ಹೊಸಾ ಚೀಲ ಹೊಲಿಸಿ ಬ್ಯಾರೆ ಹಂಚ ತಂದು, ತಿಂಗಳಿಗೊಮ್ಮಿ ಜ್ವಾಳಾ ಬದಲ್ ಮಾಡತೇನಿ. ನುಸಿ ಬರದಂಗ ಜ್ವಾಳದಾಗ ಏನ್ ಹಾಕ್ತೇನಿ ಅನ್ನೂದು ನಮ್ಮತ್ತಿ ಕಡಿಂದ ಬಂದದ್ದು, ಅದು ನನ್ನ ಹಂತ್ಯಾಕ ಇರ್ಲಿ.

ಅರಿವಿ ಪ್ಯಾಡೂ ಹೊಲಿಸಿ ನೋಡೀನಿ, ಹಳೇ ಕಾಟನ್ ಸೀರಿವು, ಟೇಲರ್‌ಗೆ ಒಂದಕ್ಕ ಹದಿನೈದ ರೂಪಾಯಿ. ಬ್ಯಾಸಗ್ಯಾಗ ನಮಗ ಟ್ಯಾಂಕರ್ ನೀರು, ಒಗ್ಯಾಕ ನೀರಿಲ್ಲ, ಒಗದಿದ್ದನ್ನ ಹುಡಿಗ್ಯಾರು ಟಾವೆಲ್ ಕೆಳಗ ಮುಚ್ಚಿ ಒಣಾ ಹಾಕಿದ್ರು, ಹಸೀದು ಹಾಕ್ಕೊಂಡು ಕಡತ ತುರಕಿ ಶುರುವಾತು. ಬಿಸಲಾಗ ಒಣಗಿಸೂ ಧೈರ್ಯ ಇದ್ದಲ್ಲೆ ನಡೀತೈತಿ, ನಮ್ಮಲ್ಲೆ ನಡೀಲಿಲ್ಲ. ಸರಕಾರದ ಶುಚಿ ಪ್ಯಾಡ್ ಬಂದ ತಿಂಗಳ ಅವ, ಬರದ ತಿಂಗಳ ಜನೌಷಧಿ ಅಂಗಡಿ ಸುವಿಧಾ, ರೂಪಾಯಿಗೊಂದ ಬೀಳತೈತಿ. ತಿಂಗಳಿಗೆ ಐದ ನೂರರಿಂದ ಏಳ ನೂರ ಪ್ಯಾಡ್ ಬೇಕ ನಮಗ, ಲೆಕ್ಕ ಇದ್ದದ್ದಕ್ಕ ಈಗ ಎಷ್ಟ ತರಿಸಬೇಕು ಅಂತ ಹೇಳಾಕ ಬರತೈತಿ, ಮದಲ ಇಪ್ಪತ್ತನೇ ತಾರೀಖಿಗೇ ಖಾಲಿ.

ಕಬ್ಬಿಣದ ಗುಳಿಗಿ, ಸೋಮವಾರದ ನೀಲಿ ಗುಳಿಗಿ, ಎಲ್ಲಾರೂ ನುಂಗತಾರ ಅಂತ ಎರಡ ವರ್ಷ ಸಹಿ ಹಾಕೀನಿ. ಒಂದಿನ ಸೇವಂತಿ ಕುಂಡಿ ಬದಲ್ ಮಾಡಾಕ ಮಣ್ಣ ಕೆದರಿದ್ರ ನೀಲಿ ಗುಳಿಗಿ ಒಂದ ಮುಟಗಿ. ಖಾಲಿ ಹೊಟ್ಟ್ಯಾಗ ತಗೊಂಡು ಓಕರಿಕಿ ಬರತಿತ್ತು, ಹೊಲಕಡಿ ಕರ್ರಗ ಆಗೂದಕ್ಕೂ ಅಂಜತಿದ್ರು. ಈಗ ರಾತ್ರಿ ಊಟ ಆದಮ್ಯಾಲ, ಅರ್ಧ ಲಿಂಬಿ ಹಿಂಡಿದ ನೀರ ಕೂಡ, ನನ್ನ ಮುಂದ. ಚಾ ಅದರ ಹತ್ರ ಸುಳಿಯೂ ಹಂಗಿಲ್ಲ. ಲಿಂಬಿಗೆ ರೇಟ್ ಬಿದ್ದಾಗ ಇಲ್ಲೆ ರೈತರು ಚೀಲಗಟ್ಟಲೆ ಸುಮ್ಮನ ಕೊಡತಾರ, ಏಪ್ರಿಲ್‌ನ್ಯಾಗ ಮಾತ್ರ ಕೇಳಬ್ಯಾಡ್ರಿ. ಜೋಡಿಗೆ ಅಳವಿ ಕಾಳಿನ ಉಂಡಿ, ಪುಂಡಿ ಪಲ್ಲೆ. ಐವತ್ತೆಂಟರಾಗ ಮೂವತ್ತಾರೋ ಮೂವತ್ತೇಳೋ ಹುಡಿಗ್ಯಾರಿಗೆ 12ಕ್ಕಿಂತ ಕಡಿಮಿ ಹೆಚ್‌ಬಿ (ರಗತದಾಗಿನ ಹಿಮೋಗ್ಲೋಬಿನ್) ಇತ್ತು, ವರ್ಷಾ ತುಂಬೂದ್ರಾಗ ಅಂಥವರು ಹದಿನೈದ ಮಂದಿಗೆ ಇಳದ್ರು.

ಇನ್ನ ಹೆಚ್ಚ ಹೋಗತಿದ್ದ ಒಬ್ಬ ಹುಡಿಗಿ ಕತಿ. ಒಂಬತ್ತನೇತ್ತ, ತಾಂಬಾ ಕಡಿಯಾಕಿ ಅಂತಿಟ್ಕೊಳ್ರಿ. ಆಕಿ ಹಾಳ್ಯಾಗ ಲಿಂಬಿ ಬಿಟ್ರ ಏನಿಲ್ಲ, ಹನ್ನೊಂದ ದಿನ, ಕೂಡಿಸಿದ್ರ ಮುನ್ನೂರಾ ನಲವತ್ತ. ನಾ ಎರಡ ಸಲ ಕೂಡಿಸಿದೆ. ರಾತ್ರಿ ಎರಡ ಪ್ಯಾಡ್ ಮ್ಯಾಲ ಹಳೇ ಲಂಗಾ ಮಡಚಿ ಇಟ್ಕೊಂಡು ಮಲಗತಿದ್ಲು, ನಾಕಕ್ಕ ಎದ್ದು ಯಾರಿಗೂ ಕಾಣದಂಗ ಒಗೀತಿದ್ಲು. ಹೆಚ್‌ಬಿ 7.1. ಮದಲ ಒಂದ ದವಾಖಾನಿಗೆ ಒಯ್ದೆ, ಹೆಸರ ಬ್ಯಾಡ, ಮುನ್ನೂರ ಫೀ ತಗೊಂಡು ತಲಿ ಸೈತ ಎತ್ತದ ‘ಈ ವಯಸ್ಸಿಗೆ ಹಿಂಗ ಇರತೈತಿ, ಮದವಿ ಆದಮ್ಯಾಲ ಸರಿ ಹೋಗತೈತಿ’ ಅಂದ್ರು. ಹಾಳಿ ಮುಂದ ಇಟ್ರ ‘ಇದೇನ್ರಿ’ ಅಂತ ಸರಸಿದ್ರು. ಬಸ್ಸಿನ್ಯಾಗ ಬರೂಮುಂದ ಆಕಿ ಸೀಟಿನ ಮ್ಯಾಲ ಕುಂದರಲಿಲ್ಲ, ಕಲಿ ಆಗತೈತಿ ಅಂತ, ಕಂಬಿ ಹಿಡಕೊಂಡ ನಿಂತಬಿಟ್ಲು. ನಾನೂ ನಿಂತೆ.

ಮರುವಾರ ವಿಜಯಪುರ. ಡಾಕ್ಟರ್ ಬಾಯಿ ಹಾಳಿ ತಗೊಂಡು ಒಂದ ನಿಮಿಷ ಮಾತಾಡಲಿಲ್ಲ. ‘ಎಳ್ಳು ಕಡ್ಲಿ ಲಿಂಬಿ ಯಾರ ಮಾಡಿದ್ದು?’ ಅಂದ್ರು. ಆಮ್ಯಾಲ ಕೇಳಿದ ಪ್ರಶ್ನೆ ಡೇಟಿನ ಬಗ್ಗೆ ಅಲ್ಲ, ಮೂಗಿನ್ಯಾಗ ರಗತ ಬರತಿತ್ತೇನು, ಹಲ್ಲ ಕೀಳ್ಸಿದಾಗ ನಿಂದ್ರಲಿಲ್ಲೇನು, ನಿಮ್ಮವ್ವಗ ಬಾಣಂತನದಾಗ ಹೆಂಗಾಗಿತ್ತು. ಮೂಗಿಂದ ಸಣ್ಣಂದಿರತ್ಲೆ ಬರತಿತ್ತಂತ, ಎಲ್ಲಾರೂ ಉಷ್ಣ ಅಂದು ಬಿಟ್ಟಿದ್ರು. ರಗತ ಹೆಪ್ಪಗಟ್ಟೂ ಟೆಸ್ಟ್ ಹೊರಗಿನ ಲ್ಯಾಬಿಗೆ ಕಳಿಸಬೇಕು, ನಾಕೂವರಿ ಸಾವಿರ. ಮದಲನೇದು ನಾರ್ಮಲ್ ಹತ್ರ ಬಂತು, ಆಗ ಆಕಿಗೆ ಜ್ವರ ಇತ್ತು, ಜ್ವರ ಗಾಬ್ರಿ ಇದ್ದಾಗ ರಗತ ಹೆಪ್ಪಗಟ್ಟಿಸೂ ಅಂಶ ಹೆಚ್ಚ ತೋರಸ್ತೈತಿ ಅಂತ ಮತ್ತೊಮ್ಮೆ ಮಾಡಿಸಿದ್ರು. ಎರಡೂ ಕೂಡಿ ಒಂಬತ್ತ ಸಾವಿರ, ಅರ್ಧ ನಾ ಹಾಕೀನಿ, ಅರ್ಧ ಸಾಲಿ ಅಕ್ಕೋರು ಪಟ್ಟಿ ಎತ್ಯಾರ. ವಾನ್ ವಿಲ್ಲೆಬ್ರಾಂಡ್ ಅಂತ ಬಂತು. ಹುಟ್ಟಾ ಬರೂದಂತ, ರಗತ ಲಗೂನ ಹೆಪ್ಪಗಟ್ಟೂದಿಲ್ಲ.

ಇಲ್ಲೆ ನನ್ನ ಜಂಬ ಇಳೀತು. ಇಂಥಾ ಹುಡಿಗ್ಯಾರಿಗೆ ಮೆಫ್ಟಾಲ್ ಥರದ್ದು ಕೊಡಬಾರದು, ಇನ್ನೂ ಹೆಚ್ಚ ಹೋಗತೈತಿ. ನಾ ಮೂರ ತಿಂಗಳ ಕೊಟ್ಟಿದ್ದೆ, ಹಳೇ ಚೀಟಿ ನಂಬಿ. ಹಾಳಿ ತಗದ ನೋಡಿದ್ರ ಗುಳಿಗಿ ಕೊಟ್ಟ ದಿನಾನ ಲಿಂಬಿ ಜಾಸ್ತಿ, ಕಣ್ಣ ಮುಂದ ಇತ್ತು, ನಾ ಬರೇ ಕೂಡಸ್ತಿದ್ದೆ, ನೋಡ್ತಿದ್ದಿಲ್ಲ. ಅದಕ್ಕ ಈಗ ಹಾಳ್ಯಾಗ ಗುಳಿಗಿಗೂ ಒಂದ ಸಾಲ ಐತಿ, ಮತ್ತ ಮೂಗಿನ ರಗತ, ಹಲ್ಲಿನ ರಗತ ಕೇಳದ ಯಾರಿಗೂ ಚೀಟಿ ಮಾಡಸೂದಿಲ್ಲ.

ಆಕಿಗೆ ಐರನ್ ಡ್ರಿಪ್ ಹಾಕಿದ್ರು, ಹೆಚ್ಚ ಹೋಗೂ ದಿನಕ್ಕಷ್ಟ ಟ್ರಾನೆಕ್ಸಾಮಿಕ್ (ರಗತ ಹೋಗೂದು ಕಡಿಮಿ ಮಾಡೂ ಗುಳಿಗಿ), ಮತ್ತ ಕೆಲ ತಿಂಗಳ ಹಾರ್ಮೋನ್ ಗುಳಿಗಿ. ಹಾರ್ಮೋನ್ ಅಂದ ಕೂಡ್ಲೆ ಅವರ ಸ್ವಾದರತ್ತಿ ‘ಮಕ್ಕಳಾಗೂದಿಲ್ಲ, ನೀ ಬರದ ಕೊಡ್ತೀಯೇನ’ ಅಂತ ಹಾಸ್ಟೆಲ್ ಬಾಗಲಕ್ಕ ಬಂದು ನಿಂತ್ಲು. ನಾ ಡಾಕ್ಟರ್ ಬಾಯಿಗೆ ಫೋನ್ ಹಚ್ಚಿ ಸ್ಪೀಕರ್ ಇಟ್ಟೆ. ಬಿಟ್ಟಮ್ಯಾಲ ಎಲ್ಲಾ ಮದಲಿನಂಗ ಆಗತೈತಿ ಅಂತ ಅವರು ಹೇಳಿದ್ರೂ ಆಕಿ ನಂಬಲಿಲ್ಲ, ಈಗೂ ನಂಬಿಲ್ಲ. ನಾಕ ತಿಂಗಳಿಗೆ ಹೆಚ್‌ಬಿ 11.4, ಡೇಟ್ ಆರ ದಿನ, ಲೆಕ್ಕ ತೊಂಬತ್ತರ ಆಸುಪಾಸು. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ದಿನಾನ ಡೇಟ್ ಬಂತು, ಮೂರ ತಾಸ ಎದ್ದ ಹೋಗದ ಬರದ ಬಂದ್ಲು, ಐವತ್ತೆಂಟ ಬಿದ್ದುವು.

ಹೋದ ತಿಂಗಳ ಗೋವಾದಿಂದ ಅವರವ್ವ ಫೋನ್ ಮಾಡಿದ್ಲು, ಫೀ ಬಗ್ಗೆ ಅಂದ್ಕೊಂಡೆ. ತಡವರಿಸಿ ತಡವರಿಸಿ, ‘ಅಕ್ಕೋರ, ಇಪ್ಪತ್ತ ವರ್ಷ ಆತು, ನನಗೂ ಹಂಗ ಹೋಗತೈತ್ರಿ. ಆ ಲಿಂಬಿ ಹಾಳಿ ಒಂದ ಕಳಸ್ತೀರೇನು?’ ಅಂದ್ಲು. ಗೋವಾಕ್ಕ ಹೊಂಟಿದ್ದ ಅವರ ಮೈದುನನ ಕೈಯಾಗ ಲಕೋಟ್ಯಾಗ ಹಾಕಿ ಅಂಟಿಸಿ ಕೊಟ್ಟೇನಿ, ಸಾಲಿ ಸರ್ಟಿಫಿಕೇಟ್ ಅಂತ ಹೇಳಿ.