ಕೆರಿಬಿಯನ್ ಕ್ರೂಸ್‌ನಲ್ಲಿ ದಂಪತಿಗಳು ಬೇರೆ ಬೇರೆ ತೀರಪ್ರವಾಸಕ್ಕೆ ಹೋಗುವ ಕ್ರಮ

ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಕ್ರೂಸ್ ಹಡಗು ಸಾಮಾನ್ಯವಾಗಿ ಒಂದು ಹಗಲು ಮಾತ್ರ ನಿಲ್ಲುತ್ತದೆ. ಆ ಒಂದು ಹಗಲಿನಲ್ಲಿ ನನ್ನ ಪತಿಗೆ ಪಲಂಕಾರ್ ಹವಳದ ದಿಬ್ಬಗಳಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆಯಿತ್ತು. ನನಗೆ ದ್ವೀಪದ ಒಳಗಿನ ಕಾಡಿನಲ್ಲಿರುವ, ಮಾಯಾ ಜನರು ಇಶ್ಚೆಲ್ ದೇವಿಯನ್ನು ಪೂಜಿಸುತ್ತಿದ್ದ ಸಾನ್ ಹೆರ್ವಾಸಿಯೋದ ಅವಶೇಷಗಳನ್ನು ನೋಡಬೇಕಿತ್ತು. ಮೊದಲ ಸಲ ಹೋದಾಗ ಅವರನ್ನು ಬಿಟ್ಟು ಹೋಗಲು ಮನಸ್ಸಾಗದೆ ನಾನೂ ಅವರ ದೋಣಿಯಲ್ಲೇ ಕುಳಿತು ಕಾದೆ, ಸಾನ್ ಹೆರ್ವಾಸಿಯೋವನ್ನು ನೋಡದೆಯೇ ಹಡಗಿಗೆ ಮರಳಿದೆ. ಎರಡನೆಯ ಸಲ ಬೆಳಿಗ್ಗೆ ಬೇರೆಯಾಗಿ ಹೊರಟು ಸಂಜೆ ಒಟ್ಟು ಸೇರಿದೆವು. ಅಂದಿನಿಂದ ನನಗೆ ಮನದಟ್ಟಾಗಿರುವುದು ಇಷ್ಟೆ: ಬೇರೆಯಾಗಿ ಹೋಗುವ ದಿನ ಇಬ್ಬರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ನೆರವಿಲ್ಲದೆಯೇ ಹಡಗಿಗೆ ಮರಳಬಲ್ಲವರಾಗಿರಬೇಕು. ಮುಂದೆ ಬರೆದಿರುವ ಸಿದ್ಧತೆಗಳೆಲ್ಲ ಅದಕ್ಕಾಗಿಯೇ ಇವೆ.

ಮೊದಲು ಬಂದರನ್ನು ಆರಿಸಿಕೊಳ್ಳಿ. ಎಲ್ಲ ಬಂದರುಗಳೂ ಇದಕ್ಕೆ ಹೊಂದುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ನಡೆದೇ ಹಡಗಿಗೆ ಮರಳಬಹುದಾದ ಊರು ಮೊದಲ ಪ್ರಯತ್ನಕ್ಕೆ ಸೂಕ್ತ. ಪೋರ್ಟೊ ರಿಕೋದ ಸಾನ್ ಹ್ವಾನ್‌ನಲ್ಲಿ ಹಡಗು ಹಳೆಯ ಪಟ್ಟಣದ ಅಂಚಿನಲ್ಲಿ ನಿಂತಿದ್ದರೆ ಎಲ್ ಮೊರ್ರೋ ಕೋಟೆಯವರೆಗೂ ಕಾಲ್ನಡಿಗೆಯಲ್ಲಿ ಹೋಗಿಬರಬಹುದು. ಸೇಂಟ್ ಮಾರ್ಟಿನ್ ದ್ವೀಪದ ಫಿಲಿಪ್ಸ್‌ಬರ್ಗ್‌ನಲ್ಲಿ ಊರಿನ ಮುಂದಿರುವ ಗ್ರೇಟ್ ಬೇ ಕಡಲತೀರಕ್ಕೂ ಹಾಗೆಯೇ. ಒಬ್ಬರು ಇಂಥ ಕಡೆ ಇದ್ದರೆ ಇನ್ನೊಬ್ಬರು ದೂರ ಹೋಗಲು ಅಡ್ಡಿಯಿಲ್ಲ. ಇಬ್ಬರೂ ಎದುರುಬದುರು ದಿಕ್ಕುಗಳಲ್ಲಿ ದೂರ ಹೋಗುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಟೆಂಡರ್ ಬಂದರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್‌ನಲ್ಲಿ ಮತ್ತು ಬೆಲೀಜ್ ಸಿಟಿಯಲ್ಲಿ ದೊಡ್ಡ ಹಡಗುಗಳು ಸಾಮಾನ್ಯವಾಗಿ ಸಮುದ್ರದಲ್ಲೇ ಲಂಗರು ಹಾಕುತ್ತವೆ, ಜನರನ್ನು ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಅಂಥಲ್ಲಿ ನೀವು ಲೆಕ್ಕ ಹಾಕಬೇಕಾದದ್ದು ಹಡಗು ಹೊರಡುವ ವೇಳೆಯನ್ನಲ್ಲ, ಕೊನೆಯ ಟೆಂಡರ್ ದಡ ಬಿಡುವ ವೇಳೆಯನ್ನು.

ಕೆಲವೊಮ್ಮೆ ಬೇರೆಯಾಗಬೇಕಾದ ಅಗತ್ಯವೇ ಇರುವುದಿಲ್ಲ. ಜಮೈಕಾದ ಓಚೋ ರಿಯೋಸ್ ಬಳಿಯ ಡನ್ಸ್ ರಿವರ್ ಜಲಪಾತ ಸುಮಾರು 180 ಮೀಟರ್ ಉದ್ದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ಜನರು ಕೈ ಕೈ ಹಿಡಿದು ನೀರಿನಲ್ಲೇ ಬಂಡೆಗಳನ್ನು ಹತ್ತುತ್ತಾರೆ. ಮಂಡಿನೋವಿರುವವರು ಪಕ್ಕದಲ್ಲಿರುವ ಮೆಟ್ಟಿಲುಗಳ ಮೂಲಕ ಜೊತೆಜೊತೆಗೇ ಮೇಲೆ ಬರಬಹುದು. ಬೇರೆ ಟಿಕೆಟ್ ಕೊಳ್ಳುವ ಮೊದಲು ಒಂದೇ ಪ್ರವಾಸದೊಳಗೆ ಇಬ್ಬರಿಗೂ ಬೇಕಾದದ್ದು ಸಿಗುತ್ತದೆಯೇ ಎಂದು ನೋಡಿಕೊಳ್ಳಿ.

ಇನ್ನು ಕಾಯ್ದಿರಿಸುವ ವಿಚಾರ. ಹಡಗಿನ ಸಂಸ್ಥೆಯ ಮೂಲಕವೇ ಕೊಂಡ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಕಾಯಲಾಗದಿದ್ದರೆ ಪ್ರಯಾಣಿಕರನ್ನು ಮುಂದಿನ ಬಂದರಿಗೆ ತಲುಪಿಸುವ ಏರ್ಪಾಡನ್ನು ಸಂಸ್ಥೆಯೇ ಮಾಡುತ್ತದೆ. ದಡದ ಏಜೆಂಟರಿಂದ ನೀವೇ ಕೊಂಡ ಪ್ರವಾಸಕ್ಕೆ ಈ ಭರವಸೆಯಿಲ್ಲ, ಬೆಲೆ ಎಷ್ಟೇ ಕಡಿಮೆಯಿದ್ದರೂ ಹಡಗು ನಿಮಗಾಗಿ ನಿಲ್ಲುವುದಿಲ್ಲ. ಆದ್ದರಿಂದ ದೂರ ಹೋಗುವವರು ಹಡಗಿನ ಪ್ರವಾಸವನ್ನೇ ಕೊಳ್ಳಲಿ, ಹತ್ತಿರ ಇರುವವರು ಸ್ವಂತವಾಗಿ ತಿರುಗಾಡಲಿ. ಕೊಜುಮೆಲ್‌ನಿಂದ ಮುಖ್ಯಭೂಮಿಯಲ್ಲಿರುವ ತುಲುಮ್‌ನ ಮಾಯಾ ಅವಶೇಷಗಳಿಗೆ ಹೋಗುವವರು ಸುಮಾರು 45 ನಿಮಿಷ ಫೆರಿಯಲ್ಲಿ ಪ್ಲಾಯಾ ದೆಲ್ ಕಾರ್ಮೆನ್‌ಗೆ ದಾಟಿ, ಅಲ್ಲಿಂದ ಒಂದು ಗಂಟೆಯಷ್ಟು ಬಸ್ಸಿನಲ್ಲಿ ಸಾಗಬೇಕು. ಮರಳುವಾಗ ಫೆರಿ ತಪ್ಪಿದರೆ ಮುಂದಿನ ಫೆರಿಗಾಗಿ ಕಾಯಬೇಕಾಗುತ್ತದೆ. ಡೈವಿಂಗ್ ಮಾಡುವವರಿಗೆ ಇನ್ನೂ ಒಂದು ಕಾರಣವಿದೆ, ಇದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಒಂದು ಸಲ ಧುಮುಕಿದ ಮೇಲೆ ಕನಿಷ್ಠ 12 ಗಂಟೆ, ಹಲವು ಸಲ ಧುಮುಕಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬುದು ಡೈವರ್‌ಗಳು ಪಾಲಿಸುವ ನಿಯಮ, ಏಕೆಂದರೆ ಮೈಯಲ್ಲಿ ಉಳಿದ ನೈಟ್ರೋಜನ್ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಅಪಾಯ ತರಬಹುದು. ಅಂದರೆ ಹಡಗು ತಪ್ಪಿಸಿಕೊಂಡ ಡೈವರ್ ಅದೇ ಸಂಜೆ ವಿಮಾನ ಹಿಡಿದು ಮುಂದಿನ ಬಂದರಿಗೆ ಹೋಗಲಾಗದು.

ಟಿಕೆಟ್ ಕೊಳ್ಳುವಾಗ ಯಾವ ಪ್ರವಾಸ ಯಾರ ಹೆಸರಿನಲ್ಲಿದೆ ಎಂಬುದನ್ನು ಎರಡೆರಡು ಸಲ ನೋಡಿ. ಒಂದೇ ಕ್ಯಾಬಿನ್ ಆದ್ದರಿಂದ ಹಡಗಿನ ಆ್ಯಪ್ ಎರಡೂ ಹೆಸರುಗಳನ್ನು ಒಟ್ಟಿಗೆ ಸೇರಿಸಿಬಿಡುವ ಸಾಧ್ಯತೆಯಿದೆ. ವಯಸ್ಸು, ತೂಕ ಮತ್ತು ಆರೋಗ್ಯದ ನಿಬಂಧನೆಗಳನ್ನು ಹೋಗುವವರೇ ಓದಿಕೊಳ್ಳಲಿ.

ಬೇರೆಯಾದ ದಿನ ಹೆಚ್ಚಿನ ಎಡವಟ್ಟು ಆಗುವುದು ಗಡಿಯಾರದಲ್ಲಿ. ಹಡಗು ತನ್ನದೇ ಸಮಯವನ್ನು ಇಟ್ಟುಕೊಳ್ಳಬಹುದು, ನಿಮ್ಮ ಫೋನ್ ಮಾತ್ರ ದ್ವೀಪದ ಸಮಯಕ್ಕೆ ತಾನಾಗಿಯೇ ಬದಲಾಗುತ್ತದೆ. ಕೊಜುಮೆಲ್ ಇರುವ ಕಿಂತಾನಾ ರೂ ರಾಜ್ಯ 2015ರ ಫೆಬ್ರವರಿಯಿಂದ ವರ್ಷವಿಡೀ ಒಂದೇ ಸಮಯವನ್ನು ಪಾಲಿಸುತ್ತಿದೆ. ಜಮೈಕಾ ಮತ್ತು ಕೇಮನ್ ದ್ವೀಪಗಳಲ್ಲಿಯೂ ಗಡಿಯಾರವನ್ನು ಋತುವಿಗೆ ತಕ್ಕಂತೆ ತಿರುಗಿಸುವುದಿಲ್ಲ. ಹಲವು ಕೆರಿಬಿಯನ್ ಕ್ರೂಸ್‌ಗಳು ಹೊರಡುವ ಅಮೆರಿಕದ ಮಯಾಮಿಯಲ್ಲಾದರೋ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆ ತಿಂಗಳುಗಳಲ್ಲಿ ಹಡಗು ಮಯಾಮಿಯ ಸಮಯವನ್ನೇ ಉಳಿಸಿಕೊಂಡಿದ್ದರೆ, ನಿಮ್ಮ ಫೋನ್ 3:30 ತೋರಿಸುವಾಗ ಹಡಗಿನಲ್ಲಿ 4:30 ಆಗಿರುತ್ತದೆ. ಸೇಂಟ್ ಥಾಮಸ್‌ನಂತಹ ಪೂರ್ವದ ದ್ವೀಪಗಳಲ್ಲಿ ಚಳಿಗಾಲದಲ್ಲಿ ಇದು ತಿರುವುಮುರುವಾಗಿ, ನೀವು ಒಂದು ಗಂಟೆ ಬೇಗನೇ ಬಂದು ನಿಲ್ಲುತ್ತೀರಿ, ಅದರಿಂದ ನಷ್ಟವೇನಿಲ್ಲ. ಜೊತೆಗಿದ್ದಾಗ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಬ್ಬರೇ ಇದ್ದಾಗ ಹಿಡಿಯುವವರಿಲ್ಲ. ಆದ್ದರಿಂದ ಇಬ್ಬರೂ ಒಂದೊಂದು ಸಾಮಾನ್ಯ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ ಕಟ್ಟಿಕೊಳ್ಳಿ, ಇಳಿಯುವಾಗ ಗ್ಯಾಂಗ್‌ವೇ, ಅಂದರೆ ಹಡಗು ಹತ್ತಿಳಿಯುವ ದಾರಿಯ ಬಳಿಯ ಫಲಕದಲ್ಲಿರುವ, ಎಲ್ಲರೂ ಹಡಗು ಹತ್ತಿರಬೇಕಾದ ಕೊನೆಯ ವೇಳೆಯನ್ನು ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಈ ‘ಆಲ್ ಅಬೋರ್ಡ್’ ವೇಳೆ ಹಡಗು ಹೊರಡುವುದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಮುಂಚಿನದು. ನಮ್ಮಿಬ್ಬರ ನಡುವಿನ ಗಡುವು ಅದಕ್ಕಿಂತಲೂ ಒಂದು ಗಂಟೆ ಮೊದಲು.

ಹಡಗು ಯಾವ ಕಟ್ಟೆಯಲ್ಲಿ ನಿಂತಿದೆ ಎಂಬುದೂ ಇಬ್ಬರಿಗೂ ತಿಳಿದಿರಬೇಕು. ಸೇಂಟ್ ಥಾಮಸ್‌ನ ಶಾರ್ಲೆಟ್ ಅಮಾಲಿಯಲ್ಲಿ ಹೇವನ್‌ಸೈಟ್ ಮತ್ತು ಕ್ರೌನ್ ಬೇ ಎಂಬ ಎರಡು ಕ್ರೂಸ್ ಕಟ್ಟೆಗಳು ಪಟ್ಟಣದ ಎರಡು ಬದಿಗಳಲ್ಲಿವೆ. ಕೊಜುಮೆಲ್‌ನಲ್ಲಿ ಪುಂತಾ ಲಂಗೋಸ್ತಾ ಪಟ್ಟಣದ ಮಧ್ಯದಲ್ಲಿದ್ದರೆ ಪ್ವೆರ್ತಾ ಮಾಯಾ ಕೆಲವು ಕಿಲೋಮೀಟರ್ ದಕ್ಷಿಣದಲ್ಲಿದೆ, ಪ್ಲಾಯಾ ದೆಲ್ ಕಾರ್ಮೆನ್‌ನಿಂದ ಬರುವ ಫೆರಿ ನಿಲ್ಲುವುದು ಪಟ್ಟಣದಲ್ಲಿ. ನಾನೊಮ್ಮೆ ಟ್ಯಾಕ್ಸಿಯವರಿಗೆ ಕ್ರೂಸ್ ಹಡಗಿನ ಕಟ್ಟೆ ಎಂದಷ್ಟೇ ಹೇಳಿ ಬೇರೆಯ ಕಟ್ಟೆಯಲ್ಲಿ ಇಳಿದೆ. ಎದುರಿಗೆ ನಿಂತಿದ್ದ ಹಡಗು ನಮ್ಮದಲ್ಲವೆಂದು ಕಂಡಾಗ ಆದ ಗಾಬರಿ ಇನ್ನೂ ನೆನಪಿದೆ. ಈಗ ಕಟ್ಟೆಯ ಹೆಸರನ್ನು ಕಾಗದದಲ್ಲಿ ಬರೆದು ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಕ್ಯುರಸಾವ್‌ನ ವಿಲ್ಲೆಮ್‌ಸ್ಟಾಡ್‌ನಲ್ಲಿ ಇನ್ನೊಂದು ವಿಶೇಷವಿದೆ: ಪುಂಡಾ ಮತ್ತು ಒಟ್ರೊಬಾಂಡಾ ಎಂಬ ಎರಡು ಭಾಗಗಳನ್ನು ಸೇರಿಸುವ, 1888ರಿಂದ ಇರುವ ಕ್ವೀನ್ ಎಮ್ಮಾ ತೇಲುಸೇತುವೆ ಹಡಗುಗಳಿಗೆ ದಾರಿ ಬಿಡಲು ಪಕ್ಕಕ್ಕೆ ಸರಿಯುತ್ತದೆ. ಹಡಗು ಒಟ್ರೊಬಾಂಡಾ ಕಡೆ ನಿಂತಿದ್ದು ನೀವು ಪುಂಡಾದಲ್ಲಿದ್ದರೆ ಸೇತುವೆ ತೆರೆದಿರುವಾಗ ದಾಟಲು ಉಚಿತ ಫೆರಿ ಇದೆ. ಇದು ತಿಳಿಯದೆ ದಡದಲ್ಲಿ ಕಾಯುತ್ತ ನಿಂತವರು ಆಚೆ ದಡದಲ್ಲಿರುವವರನ್ನೂ ಚಿಂತೆಗೆ ಈಡುಮಾಡುತ್ತಾರೆ.

ಚೀಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ವರ್ಷಗಳ ಕಾಲ ಜೊತೆಗೆ ಬಾಳಿದವರಲ್ಲಿ ಹಣ ಒಬ್ಬರ ಕೈಯಲ್ಲಿ, ಔಷಧಿ ಇನ್ನೊಬ್ಬರ ಚೀಲದಲ್ಲಿ ಎಂಬ ಹಂಚಿಕೆ ತಾನಾಗಿಯೇ ಆಗಿರುತ್ತದೆ. ಹಿಂದಿನ ರಾತ್ರಿ ಎರಡು ಚೀಲಗಳನ್ನು ಬೇರೆ ಬೇರೆಯಾಗಿ ತುಂಬಿ. ಪ್ರತಿಯೊಂದರಲ್ಲಿಯೂ ಹಡಗಿನ ಕಾರ್ಡ್, ಸರ್ಕಾರಿ ಚಿತ್ರಸಹಿತ ಗುರುತಿನ ಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾದ ನಕಲು, ಬ್ಯಾಂಕ್ ಕಾರ್ಡ್, ಸಣ್ಣ ನೋಟುಗಳಲ್ಲಿ ಅಮೆರಿಕನ್ ಡಾಲರ್, ಒಂದು ದಿನಕ್ಕಿಂತ ಹೆಚ್ಚಿಗಾಗುವಷ್ಟು ಔಷಧಿ, ನೀರು ಮತ್ತು ಆ ಬಂದರಿನಲ್ಲಿ ಹಡಗಿನ ಸಂಸ್ಥೆಯ ಪರವಾಗಿ ಕೆಲಸ ಮಾಡುವ ಏಜೆಂಟರ ದೂರವಾಣಿ ಸಂಖ್ಯೆ ಇರಲಿ. ಈ ಸಂಖ್ಯೆ ಹಡಗಿನವರು ಕೊಡುವ ದಿನಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ. ಸನ್‌ಸ್ಕ್ರೀನ್ ಕೂಡ ಇಬ್ಬರಿಗೂ ಬೇರೆ ಬೇರೆ ಬೇಕು, ಅದೂ ಖನಿಜಾಧಾರಿತವಾದದ್ದು. ಹವಳಕ್ಕೆ ಹಾನಿಮಾಡುವ ಆಕ್ಸಿಬೆಂಜೋನ್‌ನಂತಹ ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಅಮೆರಿಕದ ವರ್ಜಿನ್ ದ್ವೀಪಗಳು 2020ರಿಂದ ನಿಷೇಧಿಸಿವೆ.

ಫೋನನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ. ಹಡಗಿನ ಆ್ಯಪ್‌ನ ಸಂದೇಶಗಳು ಹಡಗಿನ ವೈಫೈ ಇರುವಲ್ಲಿ ಮಾತ್ರ ತಲುಪುತ್ತವೆ. ದಡದಲ್ಲಿ ಪ್ರತಿ ದ್ವೀಪಕ್ಕೂ ರೋಮಿಂಗ್ ಶುಲ್ಕ ಬೇರೆ, ಸೇಂಟ್ ಮಾರ್ಟಿನ್‌ನಲ್ಲಂತೂ ಡಚ್ ಭಾಗದಿಂದ ಫ್ರೆಂಚ್ ಭಾಗಕ್ಕೆ ಹೋದರೆ ಫೋನ್ ಬೇರೆ ಜಾಲಕ್ಕೆ ಸೇರಿಕೊಳ್ಳುತ್ತದೆ. ಸಂಪರ್ಕ ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ದಿನ ಕೆಡದಂತೆ ಬೆಳಿಗ್ಗೆಯೇ ಮಾತು ಮುಗಿಸಿಕೊಳ್ಳಿ. ಮೊದಲು ಬಂದವರು ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕಾಯದೆ ನೇರವಾಗಿ ಹಡಗು ಹತ್ತಿ, ಕ್ಯಾಬಿನ್ನಿನ ಹಾಸಿಗೆಯ ಮೇಲೆ ತಾವು ಎಲ್ಲಿರುತ್ತೇವೆ ಎಂಬ ಚೀಟಿ ಇಡಲಿ. ಹೀಗೆ ಮಾಡದಿದ್ದರೆ ಒಬ್ಬರು ಕೆಳಗೆ ಕಾಯುತ್ತಿರುತ್ತಾರೆ, ಇನ್ನೊಬ್ಬರು ಮೇಲೆ ಹುಡುಕುತ್ತಿರುತ್ತಾರೆ.

ನಿಮ್ಮಿಬ್ಬರ ಗಡುವು ಮೀರಿದ ಮೇಲೂ ಅವರು ಬಾರದಿದ್ದರೆ ತಡಮಾಡದೆ ಗೆಸ್ಟ್ ಸರ್ವಿಸಸ್ ಮೇಜಿಗೆ ಹೋಗಿ. ಇಳಿಯುವಾಗಲೂ ಹತ್ತುವಾಗಲೂ ಕಾರ್ಡ್ ದಾಖಲಾಗುವುದರಿಂದ, ಅವರು ಆಗಲೇ ಹಡಗಿನಲ್ಲಿದ್ದಾರೆಯೇ ಎಂಬುದನ್ನು ಸಿಬ್ಬಂದಿ ನೋಡಬಲ್ಲರು. ಹಡಗಿನ ಪ್ರವಾಸವಾಗಿದ್ದರೆ ಬಸ್ಸು ಎಲ್ಲಿದೆ ಎಂದು ವಿಚಾರಿಸಿಯೂ ಹೇಳುತ್ತಾರೆ. ಕೊನೆಗೂ ಬಾರದೆ ಹೋದರೆ ಒಳಗಿರುವವರು ಇಳಿಯಬೇಕೇ, ಉಳಿಯಬೇಕೇ ಎಂಬುದನ್ನು ಆ ಗಳಿಗೆಯಲ್ಲಿ ಅಳುತ್ತ ನಿರ್ಧರಿಸುವಂತಾಗಬಾರದು, ಅದನ್ನು ಮನೆಯಿಂದ ಹೊರಡುವ ಮೊದಲೇ ಮಾತನಾಡಿಕೊಂಡಿರಬೇಕು. ನಮ್ಮ ತೀರ್ಮಾನ ಹೀಗಿದೆ: ಕಾಯಿಲೆ ಅಥವಾ ಅಪಘಾತದ ಸುದ್ದಿ ಬಂದರೆ ಒಳಗಿರುವವರು ಇಳಿಯುತ್ತಾರೆ, ಬರೀ ತಡವಾದದ್ದಾದರೆ ಹಡಗಿನಲ್ಲೇ ಉಳಿಯುತ್ತಾರೆ, ಏಕೆಂದರೆ ಇಬ್ಬರೂ ದಡದಲ್ಲಿ ಉಳಿದರೆ ಖರ್ಚು ಇಮ್ಮಡಿಯಾಗುತ್ತದೆ, ಸಾಮಾನುಗಳನ್ನು ನೋಡಿಕೊಳ್ಳುವವರೂ ಇರುವುದಿಲ್ಲ. ಉಳಿದವರು ಮಾಡಬೇಕಾದ ಕೆಲಸ ಒಂದೇ: ಹಡಗು ಕಟ್ಟೆ ಬಿಡುವ ಮೊದಲು ಸೇಫ್‌ನಲ್ಲಿರುವ ಇನ್ನೊಬ್ಬರ ಪಾಸ್‌ಪೋರ್ಟ್ ಮತ್ತು ಔಷಧಿಯನ್ನು ತೆಗೆದು, ಬಂದರಿನ ಏಜೆಂಟರಿಗೆ ತಲುಪಿಸುವಂತೆ ಸಿಬ್ಬಂದಿಯ ಕೈಗೆ ಕೊಡುವುದು. ಪಾಸ್‌ಪೋರ್ಟ್ ಇಲ್ಲದೆ ಮುಂದಿನ ದ್ವೀಪಕ್ಕೆ ವಿಮಾನ ಹತ್ತಲಾಗದು. ಇಬ್ಬರ ಪಾಸ್‌ಪೋರ್ಟ್‌ಗಳನ್ನೂ ಒಂದೇ ಲಕೋಟೆಯಲ್ಲಿ ಇಡದೆ ಹೆಸರು ಬರೆದ ಎರಡು ಲಕೋಟೆಗಳಲ್ಲಿ ಇಡಿ. ಸೇಫ್‌ನ ಸಂಕೇತ ಸಂಖ್ಯೆ ಇಬ್ಬರಿಗೂ ಬಾಯಿಪಾಠವಾಗಿದೆಯೇ ಎಂಬುದನ್ನು ಹಡಗು ಹತ್ತಿದ ಮೊದಲ ಸಂಜೆಯೇ ಇಬ್ಬರೂ ಒಂದೊಂದು ಸಲ ತೆರೆದು ಖಚಿತಪಡಿಸಿಕೊಳ್ಳಿ.