ಕಥೆ ಆಟವನ್ನು ಎರಡನೇ ಸಲ ಆಡಿಸಿದ್ದು ಹೇಗೆ: ನನ್ನ ಅನುಭವ

ಮೂರು ಗಂಟೆಯೊಳಗೆ ಮುಗಿಯುವ ಕಥೆ ಆಟವನ್ನು (ಆಡುವವರ ಆಯ್ಕೆಗಳಂತೆ ಕಥೆ ಸಾಗುವ ಕಂಪ್ಯೂಟರ್ ಆಟ) ಯಾರೂ ಎರಡನೇ ಸಲ ಮುಟ್ಟುವುದಿಲ್ಲ ಎಂದು ನಮಗೆ ಹೇಳದವರಿಲ್ಲ. ಹಣ ಹಾಕಲು ಬಂದಿದ್ದ ಒಬ್ಬರಂತೂ ಆಯ್ಕೆಗಳನ್ನೆಲ್ಲ ಕಿತ್ತುಹಾಕಿ ಆ ದುಡ್ಡನ್ನು ಚಿತ್ರಗಳಿಗೆ ಸುರಿಯಿರಿ ಅಂದರು. ಈಗ ಲೆಕ್ಕ ಕೈಯಲ್ಲಿದೆ. ಆಟ ಮುಗಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಎರಡನೇ ಸಲ ಶುರು ಮಾಡಿದ್ದಾರೆ, ಹಾಗೆ ಶುರು ಮಾಡಿದವರಲ್ಲಿ ಮುಕ್ಕಾಲು ಪಾಲು ಕೊನೆ ಮುಟ್ಟಿದ್ದಾರೆ. ಕವಲೊಡೆಯುವ ಕಥೆ ಬರೆಯುವ ಸಾಧನಗಳಾದ ಇಂಕ್, ಟ್ವೈನ್, ಯಾರ್ನ್ ಸ್ಪಿನ್ನರ್ ಇವುಗಳಲ್ಲಿ ಒಂದನ್ನಾದರೂ ಬಳಸಿ ಪಳಗಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಟ್ ಎಂದರೇನು, ಡೈವರ್ಟ್ ಎಂದರೇನು ಎಂಬುದನ್ನೆಲ್ಲ ಬಿಟ್ಟು ನೇರ ಕೆಲಸಕ್ಕೆ ಬರುತ್ತೇನೆ.

ಆಟದ ಹಂದರ ಇಷ್ಟು: ಬಯಲುಸೀಮೆಯ ಒಂದು ಊರು, ಮಳೆ ಕೈಕೊಟ್ಟ ವರ್ಷ, ಅರ್ಧ ತುಂಬಿದ ಕೆರೆ. ಆಡುವವರು ಹೊಸದಾಗಿ ಬಂದ ನೀರುಗಂಟಿ. ಹದಿನಾಲ್ಕು ಸರದಿ ನೀರು ಬಿಡಬೇಕು, ಸರದಿಗೊಂದು ದೃಶ್ಯ. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಮೊದಲು, ಯಾರಿಗೆ ಸುಳ್ಳು ಹೇಳಬೇಕು, ಆಯ್ಕೆಗಳೆಲ್ಲ ಇದರ ಸುತ್ತಲೇ. ಆಟ ಕಟ್ಟುವ ತಂತ್ರಾಂಶ ಗೊಡೋ 4, ಇಂಕ್, ಮೂರು ಜನ, ಸುಮಾರು ಎರಡು ವರ್ಷ. ಒಟ್ಟು ಖರ್ಚು ಆರೂವರೆ ಲಕ್ಷದ ಆಸುಪಾಸು. ಅದರಲ್ಲಿ ಹತ್ತಿರ ಹತ್ತಿರ ಒಂದೂವರೆ ಲಕ್ಷ ಈಗ ಹೇಳುವ ಎರಡು ತಪ್ಪುಗಳಿಗೆ ಹೋಯಿತು.

ಮೊದಲ ತಪ್ಪು ಪೂರ್ತಿ ಮರ ಬರೆಯಲು ಹೊರಟಿದ್ದು. ದೊಡ್ಡ ನಿರ್ಧಾರಕ್ಕೆ ಎರಡು ಕವಲು, ಕವಲುಗಳು ಮತ್ತೆ ಸೇರುವುದಿಲ್ಲ ಎಂದುಕೊಳ್ಳಿ. ಐದು ಹಂತಕ್ಕೆ 1, 2, 4, 8, 16, ಕೂಡಿದರೆ 31 ತುಂಡು. ತುಂಡಿಗೆ 2,000 ಪದ ಹಿಡಿದರೆ 62,000 ಪದ ಬರೆಯಬೇಕು, ಒಂದು ಸಲ ಆಡಿದವರ ಕಣ್ಣಿಗೆ ಬೀಳುವುದು 10,000. ಈ ಲೆಕ್ಕ ಮೊದಲೇ ಗೊತ್ತಿತ್ತು, ಆದರೂ ಇಳಿದೆವು. ನಾಲ್ಕನೇ ಹಂತ ಮುಗಿಯುವ ಹೊತ್ತಿಗೆ 15 ತುಂಡು, 30,000 ಪದ ಆಗಿತ್ತು. ಪದಕ್ಕೆ ಒಂದೂವರೆ ರೂಪಾಯಿಯಂತೆ ₹45,000 ಕೈಬಿಟ್ಟಿತು. ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಪರೀಕ್ಷೆಗೆ ಆಡಿದ ಎಂಟು ಜನರಲ್ಲಿ ಆರು ಜನಕ್ಕೆ ಕಥೆ ಕವಲೊಡೆದಿದೆ ಎಂಬುದೇ ತಿಳಿಯಲಿಲ್ಲ. ಅವರು ಒಂದೇ ದಾರಿ ನಡೆದರು, ಆ ದಾರಿ ಮೊದಲಿನಿಂದಲೂ ಅಲ್ಲೇ ಇತ್ತು ಅಂದುಕೊಂಡರು.

ಎರಡನೇ ತಪ್ಪು ಅದಕ್ಕೆ ತದ್ವಿರುದ್ಧ. ಕಥೆ ಒಂದೇ, ಒಳಗೆ ಪುಣ್ಯದ ಲೆಕ್ಕ ಇಡುವ ಒಂದು ಮೀಟರ್, ಕೊನೆಗೆ ಆರು ಅಂತ್ಯ. ಅಂತ್ಯದ ಚಿತ್ರಗಳಿಗೆ ತಲಾ ₹15,000. ಆಡಿದವರು ಕೊನೆಯ ರಾತ್ರಿಗೆ ಮುಂಚೆ ಸೇವ್ ಮಾಡಿಕೊಂಡರು, ಲೋಡ್ ಮಾಡಿ ಮಾಡಿ ಹನ್ನೆರಡು ನಿಮಿಷದಲ್ಲಿ ಆರನ್ನೂ ನೋಡಿ ಎದ್ದರು. ದೊಡ್ಡ ಆಟಗಳಿಗೂ ತಟ್ಟಿದ ಪೆಟ್ಟು ಇದು. 2011ರ ‘ಡಿಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ ಕೊನೆಯ ಕೋಣೆಯಲ್ಲಿ ಬಟನ್ ಇಟ್ಟು ಅಂತ್ಯ ಆರಿಸಿಕೊಳ್ಳಿ ಅಂದಿತು. 2012ರ ‘ಮಾಸ್ ಎಫೆಕ್ಟ್ 3’ರ ಅಂತ್ಯದ ಮೇಲೆ ಎಷ್ಟು ಸಿಟ್ಟು ಎದ್ದಿತೆಂದರೆ ಅದೇ ವರ್ಷ ಜೂನ್‌ನಲ್ಲಿ ಉದ್ದದ ಅಂತ್ಯವನ್ನು ಪುಕ್ಕಟೆ ಕೊಡಬೇಕಾಯಿತು. ಮೂರು ಆಟಗಳ ಉದ್ದಕ್ಕೂ ಮಾಡಿಕೊಂಡು ಬಂದ ನಿರ್ಧಾರಗಳು ಕೊನೆಯ ಹತ್ತು ನಿಮಿಷದಲ್ಲಿ ಕಾಣಲಿಲ್ಲ ಎಂಬುದೇ ಜನರ ದೂರು. ಬೇರೆ ಅಂತ್ಯ ನೋಡಬೇಕೆಂದು ಯಾರೂ ಮೂರು ಗಂಟೆ ಮತ್ತೆ ಕೂರುವುದಿಲ್ಲ, ಯೂಟ್ಯೂಬ್ ಇದೆ. ನಡುವಿನ ದಾರಿ ಬೇರೆಯಾಗಿದ್ದರೆ ಮಾತ್ರ ಕೂರುತ್ತಾರೆ.

ಮೂರನೇ ಸಲ ದೊಡ್ಡ ಕವಲನ್ನು ಮುಂದಕ್ಕೆ ತಂದೆವು. ಸುಮಾರು ಇಪ್ಪತ್ತೆರಡನೇ ನಿಮಿಷಕ್ಕೆ, ಮೊದಲ ರಾತ್ರಿ ತೂಬು ಎತ್ತಲು ಏರಿಯ ಮೇಲೆ ಯಾರನ್ನು ಜೊತೆಗೆ ಕರೆದುಕೊಂಡು ಹೋಗುತ್ತೀರಿ ಎಂದು ಕೇಳುತ್ತದೆ. ಹಿಂದಿನ ನೀರುಗಂಟಿಯ ಹೆಂಡತಿಯಾಗಿದ್ದ ಅಜ್ಜಿ, ಶಾಲೆಯ ಮೇಷ್ಟ್ರು, ಗೌಡರ ಮಗಳು, ಈ ಮೂವರಲ್ಲಿ ಒಬ್ಬರು. ಕರೆದವರು ಹದಿನಾಲ್ಕು ಸರದಿಯೂ ಜೊತೆಗಿರುತ್ತಾರೆ. ‘ವಿಚರ್ 2’ ಆಟ ಮೊದಲ ಅಂಕದ ಕೊನೆಗೆ ಇಬ್ಬರು ಎದುರಾಳಿಗಳಲ್ಲಿ ರೋಚ್ ಕಡೆಯೋ ಐಯೊರ್ವೆತ್ ಕಡೆಯೋ ಎಂದು ಕೇಳಿ ಎರಡನೇ ಅಂಕವನ್ನೇ ಎರಡು ಬೇರೆ ನೆಲೆಗಳಲ್ಲಿ ಕಟ್ಟಿತ್ತು. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಹಾಗಾಗಿ ಜಾಗ ಬದಲಿಸಲಿಲ್ಲ, ಪಕ್ಕದಲ್ಲಿ ನಿಂತವರನ್ನು ಬದಲಿಸಿದೆವು. ದೃಶ್ಯದ ಮೈ ಒಂದೇ, ಅದರ ಮೇಲೆ ಜೊತೆಗಾರರ ಮಾತಿನ ಪದರ ಮೂರು. ದೃಶ್ಯಕ್ಕೆ ತಲಾ 120 ಪದದಂತೆ ಮೂರು ಪದರಕ್ಕೂ ಸೇರಿ ಸುಮಾರು 5,000 ಪದ. ಮರ ಬರೆಯುವಾಗ ಸುಟ್ಟ ಪದಗಳ ಆರನೇ ಒಂದು ಪಾಲು. ಒಂದೇ ಜಗಳವನ್ನು ಮೇಷ್ಟ್ರ ಪಕ್ಕ ನಿಂತು ನೋಡಿದವರಿಗೂ ಅಜ್ಜಿಯ ಪಕ್ಕ ನಿಂತು ನೋಡಿದವರಿಗೂ ಅದು ಎರಡು ಬೇರೆ ಜಗಳ.

ಇಪ್ಪತ್ತೆರಡು ನಿಮಿಷ ಎಂಬುದಕ್ಕೆ ಇನ್ನೊಂದು ಕಾರಣ ಇದೆ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ನಮ್ಮ ಆಟದ ಉದ್ದ ಎರಡು ಗಂಟೆ ನಲವತ್ತು ನಿಮಿಷ. ನಾನು ಬೇರೆಯದನ್ನು ಆರಿಸಿದ್ದರೆ ಏನಾಗುತ್ತಿತ್ತು ಎಂಬ ಕುತೂಹಲ ಆ ಎರಡು ಗಂಟೆಯೊಳಗೇ ಹುಟ್ಟಬೇಕು.

ಆಮೇಲಿನದು ಆಯ್ಕೆಗೆ ತಡವಾಗಿ ಬರುವ ಉತ್ತರ. ಪ್ರತಿ ದೊಡ್ಡ ಆಯ್ಕೆಗೂ ಮೂರು ಮಾರುತ್ತರ ಎಂದು ನಿಯಮ ಹಾಕಿಕೊಂಡೆವು. ಒಂದೆರಡು ದೃಶ್ಯದ ನಂತರ ಯಾರೋ ಒಂದು ಸಾಲು ಆಡುತ್ತಾರೆ. ನಾಲ್ಕೈದು ದೃಶ್ಯದ ನಂತರ ಒಂದು ಆಯ್ಕೆ ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ. ಒಂಬತ್ತನೆಯದರ ಹೊತ್ತಿಗೆ ದೃಶ್ಯದ ದಿಕ್ಕೇ ತಿರುಗುತ್ತದೆ. 2007ರ ಮೊದಲ ‘ವಿಚರ್’ ಆಟ ಇದನ್ನು ಚೆನ್ನಾಗಿ ಮಾಡಿತ್ತು. ಒಂದನೇ ಅಧ್ಯಾಯದಲ್ಲಿ ಸ್ಕೊಯಾಟೆಲ್ ಎಂಬ ಬಂಡುಕೋರರ ಗುಂಪಿಗೆ ಸರಕು ಬಿಟ್ಟುಕೊಟ್ಟರೆ ಎರಡನೇ ಅಧ್ಯಾಯದಲ್ಲಿ ಬೇಕಾದ ಒಬ್ಬ ಮನುಷ್ಯ ಸತ್ತು ಬಿದ್ದಿರುತ್ತಾನೆ. ಹಿಂದಿನ ಸೇವ್ ಅಷ್ಟೊತ್ತಿಗೆ ಗಂಟೆಗಟ್ಟಲೆ ಹಿಂದೆ. ಎರಡನೇ ಪ್ರಯತ್ನದಲ್ಲಿ ನಮ್ಮಲ್ಲಿ ಇನ್ನೂರಕ್ಕೂ ಹೆಚ್ಚು ಫ್ಲ್ಯಾಗ್‌ಗಳಿದ್ದವು (ಹಿಂದಿನ ಆಯ್ಕೆ ನೆನಪಿಡುವ ಗುರುತುಗಳು). ಮೂರು ಕಡೆ ಓದದ ಫ್ಲ್ಯಾಗನ್ನು ಅಳಿಸಿಬಿಡುವುದು ಎಂದು ಕೂತಾಗ ನಲವತ್ತಕ್ಕೆ ಇಳಿಯಿತು. ಅಳಿಸಿದ್ದರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ.

ಇಲ್ಲಿ ಕನ್ನಡ ಕೊಟ್ಟ ಕೈ ದೊಡ್ಡದು. ಹಳೇ ಮೈಸೂರಿನ ಹಲವು ಊರುಗಳಲ್ಲಿ ನೀರುಗಂಟಿ ಕೆಲಸ ದಲಿತ ಮನೆತನಗಳದು. ಹಾಗಾಗಿ ನಮ್ಮ ಆಟದ ಗೌಡರು ಮೊದಲ ದೃಶ್ಯದಲ್ಲಿ ಏಕವಚನದಲ್ಲೇ ಮಾತಾಡುತ್ತಾರೆ: “ಏನ್ಲಾ, ತೂಬು ಎತ್ತಲಿಲ್ವಾ?” ನೀವು ನಡೆದುಕೊಂಡ ರೀತಿಯ ಮೇಲೆ ಅದು “ಏನಪ್ಪಾ” ಆಗಬಹುದು. ತೀರ ಕೊನೆಗೆ, ಕೆಲವೇ ದಾರಿಗಳಲ್ಲಿ, “ಏನ್ರೀ, ತೂಬು ಎತ್ತಲಿಲ್ವಾ?” ಎಂದು ಬರುತ್ತದೆ. ಮೇಷ್ಟ್ರದು ಉಲ್ಟಾ. ಅವರು “ನೀವು” ಎಂದು ಶುರು ಮಾಡುತ್ತಾರೆ, ಸಲಿಗೆ ಬೆಳೆದರೆ “ಬಾರೋ, ಟೀ ಕುಡಿಯೋಣ” ಅನ್ನುತ್ತಾರೆ. ಹೊಸ ದೃಶ್ಯ ಬೇಡ, ಚಿತ್ರ ಬೇಡ. ಆಡಿದವರು ನಮಗೆ ಬರೆದು ಕಳಿಸಿದ್ದರಲ್ಲಿ ಅತಿ ಹೆಚ್ಚು ಸಲ ಬಂದಿರುವುದು ಗೌಡರ ಆ “ರೀ”. ಅದು ಯಾವ ಲೆಕ್ಕದ ಮೇಲೆ ಬರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ, ಮುಂದಿನ ಆಟಕ್ಕೂ ಅದು ಬೇಕು.

ಇದನ್ನು ಮಾಡಲು ಹೋಗುವವರಿಗೆ ಒಂದು ಎಚ್ಚರಿಕೆ. ನಾವು ಮೊದಲು ಸಾಲಿನೊಳಗೆ ಪದ ಪದಕ್ಕೂ ನೀನು/ನೀವು ಎಂದು ಬದಲಾವಣೆ ಸಿಕ್ಕಿಸಿದ್ದೆವು. ಕನ್ನಡದಲ್ಲಿ ಕ್ರಿಯಾಪದವೂ ಬಾಗಬೇಕು, ‘ನಿನ್ನ’, ‘ನಿನಗೆ’, ‘ನಿನ್ನಿಂದ’ ಎಲ್ಲವೂ ಬಾಗಬೇಕು. ಒಂದು ಸಾಲಿನಲ್ಲಿ ಏಳು ಕಡೆ ಬದಲಾವಣೆ, ಒಂದು ತಪ್ಪಿದರೂ “ನೀವು ಯಾವಾಗ ಬಂದೆ” ಎಂದು ತೆರೆಯ ಮೇಲೆ ಬೀಳುತ್ತದೆ. ಎರಡು ವಾರ ಒದ್ದಾಡಿ ಅದನ್ನು ಬಿಟ್ಟು, ಇಡೀ ಸಾಲನ್ನೇ ಎರಡು ಸಲ ಬರೆದೆವು. ಸುಮಾರು 600 ಸಾಲು, ನಾಲ್ಕು ದಿನದ ಕೆಲಸ. ಆಡುವವರ ಹೆಸರಿನದೂ ಇದೇ ಕಥೆ: ಸೋಮನಿಗೆ, ಗೌರಿಗೆ, ಸೀತೆಗೆ, ಪ್ರತ್ಯಯ ಕೂರುವ ರೀತಿ ಹೆಸರಿಗೆ ತಕ್ಕಂತೆ ಬದಲಾಗುತ್ತದೆ. ಹೆಸರು ಟೈಪ್ ಮಾಡಿಸುವ ಬದಲು ಹನ್ನೆರಡು ಹೆಸರು ಕೊಟ್ಟು, ಒಂದೊಂದಕ್ಕೂ ವಿಭಕ್ತಿ ರೂಪಗಳನ್ನು ಪಟ್ಟಿಯಲ್ಲಿಟ್ಟೆವು. ಇಂಗ್ಲಿಷ್ ಆವೃತ್ತಿಯಲ್ಲಿ ಏಕವಚನ ಬಹುವಚನದ ಈ ದಾರಿ ಇಲ್ಲ. ಅಲ್ಲಿ ಕರೆಯುವ ಹೆಸರನ್ನು ಬದಲಿಸಿದೆವು, ಅರ್ಧ ಪರಿಣಾಮ ಬಂತು.

ಗೊಡೋ 4 ಹಿಡಿದದ್ದೂ ಕನ್ನಡದ ಕಾರಣಕ್ಕೇ. ಅದಕ್ಕೆ ಮುಂಚಿನ 3ರಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. 4ರಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಟೈಪ್‌ರೈಟರ್ ಥರ ಒಂದೊಂದೇ ಅಕ್ಷರ ಮೂಡಿಸಲು ಹೋದರೆ ‘ಸ್ತ್ರೀ’ ಎಂಬ ಒಂದಕ್ಷರ ಸ, ಸ್, ಸ್ತ ಎಂದು ಕಣ್ಣೆದುರೇ ರೂಪ ಬದಲಿಸುತ್ತಾ ಮಿನುಗುತ್ತದೆ. ಪದ ಪದವಾಗಿ ಮೂಡಿಸಿ, ತೊಂದರೆ ತೀರುತ್ತದೆ.

ಈಗ ಸ್ಕಿಪ್ ವಿಷಯ. ಎರಡನೇ ಆಟವನ್ನು ಉಳಿಸಿದ್ದೂ ಇದೇ, ಹೆಚ್ಚು ದಿನ ತಿಂದಿದ್ದೂ ಇದೇ. ಓದಿದ್ದನ್ನು ಹಾರಿಸುವ ಸೌಲಭ್ಯ ವಿಷುಯಲ್ ನಾವೆಲ್‌ಗಳಲ್ಲಿ (ಚಿತ್ರದ ಜೊತೆ ಓದುತ್ತಾ ಹೋಗುವ ಕಥೆ ಆಟಗಳು) ಎಂದಿನಿಂದಲೋ ಇದೆ, ಹೊಸದೇನಲ್ಲ. ನಾವು ಮೊದಲು ನಾಟ್‌ಗೆ (ಇಂಕ್‌ನಲ್ಲಿ ಹೆಸರಿಟ್ಟ ಕಥೆಯ ತುಂಡು) ಎಷ್ಟು ಸಲ ಹೋಗಿದ್ದಾರೆ ಎಂಬ ಇಂಕ್‌ನ ಎಣಿಕೆಯನ್ನೇ ನಂಬಿದೆವು: ಈ ದೃಶ್ಯ ನೋಡಿದ್ದಾರೆ, ಹಾರಿಸು. ಫಲ ಏನಾಯಿತೆಂದರೆ ದೃಶ್ಯದೊಳಗೆ ಬದಲಾದ ಸಾಲುಗಳೂ ಹಾರಿಹೋದವು. ಯಾವ ಮಾರುತ್ತರಗಳಿಗಾಗಿ ಎರಡನೇ ಸಲ ಆಡಿಸುತ್ತಿದ್ದೆವೋ ಅವೇ ಕಾಣಲಿಲ್ಲ. ಪರೀಕ್ಷೆಗೆ ಆಡಿದವರು ಎಲ್ಲ ಹಳೆಯದೇ ಅಂದರು, ಅವರ ಮಟ್ಟಿಗೆ ಅದು ನಿಜ.

ಆಮೇಲೆ ತೆರೆಯ ಮೇಲೆ ಬಂದ ಸಾಲಿನ ಹ್ಯಾಶ್ (ಅದರ ಅಕ್ಷರಗಳಿಂದ ಲೆಕ್ಕ ಹಾಕಿದ ಗುರುತು) ತೆಗೆದು ಇಟ್ಟೆವು. ಹ್ಯಾಶ್ ಹೊಸದಾದರೆ ಸ್ಕಿಪ್ ನಿಲ್ಲಲಿ ಎಂದು. ಈ ಸಲ ಅತಿಯಾಯಿತು. ಕೆರೆಯಲ್ಲಿ ಎಷ್ಟು ನೀರು ಉಳಿದಿದೆ ಎಂಬ ಅಂಕಿ ಇರುವ ಸಾಲೆಲ್ಲ ಪ್ರತಿ ಸಲವೂ ಹೊಸದಾಗಿ ಕಂಡು, ಸ್ಕಿಪ್ ಹೆಜ್ಜೆಗೊಮ್ಮೆ ಎಡವಿತು. ಕೊನೆಗೆ ನಿಂತಿದ್ದು ಹೀಗೆ: ಸಾಲಿಗೊಂದು ಗುರುತು ಸಂಖ್ಯೆ, ಅದರ ಜೊತೆಗೆ ಆ ಸಾಲಿನ ಯಾವ ಕವಲು ಬಿತ್ತು ಎಂಬ ಸಂಖ್ಯೆ, ಇವೆರಡು ಸೇರಿದ್ದೇ ಕೀಲಿ. ಅಂಕಿ, ಹೆಸರು ಬದಲಾದರೆ ಕೀಲಿ ಬದಲಾಗದು, “ಏನ್ಲಾ” “ಏನ್ರೀ” ಆದರೆ ಬದಲಾಗುತ್ತದೆ. ಈ ದಾಖಲೆ ಸೇವ್ ಫೈಲಿನೊಳಗೆ ಇರಬಾರದು, ಪ್ರತ್ಯೇಕ ಫೈಲಿನಲ್ಲಿರಬೇಕು. ಇಲ್ಲವಾದರೆ ಹೊಸ ಆಟ ಶುರು ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ಹೊಸ ಸಾಲಿಗೆ ಮುಂಚೆ ಸುಮಾರು 0.4 ಸೆಕೆಂಡು ಬಿಡುವು ಕೊಡಿ. ಓಡುತ್ತಿದ್ದ ಕಥೆ ಗಕ್ಕನೆ ನಿಂತಾಗ ಏನೋ ಬದಲಾಗಿದೆ ಎಂದು ಕೈಗೇ ಗೊತ್ತಾಗುತ್ತದೆ. ಎರಡನೇ ಆಟ ಎರಡು ಗಂಟೆ ನಲವತ್ತು ನಿಮಿಷದಿಂದ ಐವತ್ತೈದು ನಿಮಿಷಕ್ಕೆ ಇಳಿಯಿತು.

ಅಡ್ಡದಾರಿ ಪ್ರಯೋಗಗಳೂ ಇದ್ದವು. 2018ರ ‘ಡೆಟ್ರಾಯಿಟ್’ ಆಟದಲ್ಲಿರುವಂತೆ ದೃಶ್ಯದ ಕೊನೆಗೆ ಕವಲುಗಳ ನಕ್ಷೆ ತೋರಿಸಿ ನೋಡಿದೆವು. ಜನ ಕಥೆ ಬಿಟ್ಟು ಖಾಲಿ ಚೌಕ ತುಂಬಲು ಕೂತರು. ಅದನ್ನು ತೆಗೆದು ಕೊನೆಗೆ ಶಾನುಭೋಗರ ಕಡತದ ಒಂದು ಪುಟ ಇಟ್ಟೆವು. ಯಾರ ಗದ್ದೆಗೆ ಎಷ್ಟು ನೀರು ಹೋಯಿತು ಎಂಬ ಸಾಲುಗಳು, ನಡುವೆ ಹೆಸರಷ್ಟೇ ಇದ್ದು ಮುಂದೆ ಖಾಲಿ ಇರುವ ಮೂರು ಸಾಲು. ಸಾಕಾಯಿತು. ಮುಚ್ಚಿದ ಆಯ್ಕೆಗಳನ್ನು ಬೂದು ಬಣ್ಣದಲ್ಲಿ ತೋರಿಸುವುದನ್ನೂ ಪರೀಕ್ಷಿಸಿದೆವು. ಪೂರ್ತಿ ಮರೆಮಾಡಿದರೆ ಯಾರಿಗೂ ಹಸಿವಾಗುವುದಿಲ್ಲ, ಕಾರಣ ಬರೆದು ತೋರಿಸಿದರೆ ಅದು ಸಾಮಾನಿನ ಚೀಟಿಯಾಗುತ್ತದೆ. ಕಾರಣ ಹೇಳದೆ “ಈ ಮಾತು ಈ ಸಲ ಬಾಯಿಗೆ ಬರಲಿಲ್ಲ” ಎಂದಷ್ಟೇ ಬರೆದದ್ದು ಕೆಲಸ ಮಾಡಿತು. ದೃಶ್ಯಕ್ಕೆ ಎರಡಕ್ಕಿಂತ ಹೆಚ್ಚು ಇಡಬೇಡಿ, ಐದು ಇಟ್ಟಾಗ ಕಿರಿಕಿರಿ ಎಂದರು. ‘ಅಂಡರ್‌ಟೇಲ್’ ಎಂಬ ಆಟ ಹಿಂದಿನ ಸಲ ಆಡಿದ್ದನ್ನು ನೆನಪಿಟ್ಟುಕೊಳ್ಳುವಂತೆ ನಮ್ಮ ಅಜ್ಜಿಗೂ ಒಂದೇ ಒಂದು ಸಾಲು ಕೊಟ್ಟಿದ್ದೇವೆ, ಎರಡನೇ ಸಲ ಮಾತ್ರ ಬರುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ.

ಬಿಡುಗಡೆಗೆ ಮುಂಚೆ ಕುರುಡು ಬಾಟ್ ಓಡಿಸದೆ ಇರಬೇಡಿ. ತೆರೆ ಇಲ್ಲದೆ ಇಂಕ್ ಮಾತ್ರ, ಆಯ್ಕೆ ಬಂದಾಗ ಕಣ್ಣುಮುಚ್ಚಿ ಒಂದನ್ನು ಒತ್ತುವ ಹತ್ತು ಸಾಲಿನ ಪ್ರೋಗ್ರಾಂ. ರಾತ್ರಿ ಬಿಟ್ಟರೆ ಬೆಳಗ್ಗೆಗೆ 10,000 ಆಟ. ಮೊದಲ ರಾತ್ರಿಯೇ 37 ಕಡೆ ಕಥೆ ಬಾಯಿ ಕಟ್ಟಿ ನಿಂತಿತ್ತು. ಕೆಟ್ಟದ್ದು ಒಂಬತ್ತನೇ ಸರದಿಯದು: ಗೌಡರೂ ಅಜ್ಜಿಯೂ ಇಬ್ಬರೂ ಮುನಿಸಿಕೊಂಡಿದ್ದರೆ ಎಲ್ಲ ಆಯ್ಕೆಗಳೂ ಮುಚ್ಚಿ ಒಂದೂ ಉಳಿಯುತ್ತಿರಲಿಲ್ಲ. ಷರತ್ತು ಇರುವ ಆಯ್ಕೆಗಳ ಗುಂಪಿಗೆಲ್ಲ ಕೊನೆಯಲ್ಲಿ ಒಂದು ಫಾಲ್‌ಬ್ಯಾಕ್ ಆಯ್ಕೆ (ಬೇರೇನೂ ಉಳಿಯದಾಗ ತಾನಾಗಿ ಹಿಡಿಯುವ ದಾರಿ) ಹಾಕಿದೆವು. ಅದೇ ಬಾಟ್ ಯಾವ ಸಾಲು ಎಷ್ಟು ಸಲ ಬಿತ್ತು ಎಂದೂ ಎಣಿಸುತ್ತದೆ. ನೂರಕ್ಕೆ ಒಂದಕ್ಕಿಂತ ಕಡಿಮೆ ಬಿದ್ದ ಸಾಲನ್ನು ಒಂದೋ ಕಿತ್ತೆವು, ಇಲ್ಲವೇ ಷರತ್ತು ಸಡಿಲಿಸಿದೆವು. ಗೌಡರ “ರೀ” ಮಾತ್ರ ಹಾಗೇ ಬಿಟ್ಟೆವು.

ಬಿಡುಗಡೆ ಆದ ಮೇಲೆ ನಾಟ್‌ಗಳ ಹೆಸರು ಬದಲಿಸಬೇಡಿ, ಸೇವ್‌ನೊಳಗೆ ಆ ಹೆಸರೇ ಇರುತ್ತದೆ. ನಾವು ಮೊದಲ ಪ್ಯಾಚ್‌ನಲ್ಲಿ ಎರಡು ಹೆಸರು ತಿದ್ದಿ ಅರ್ಧ ದಾರಿಯಲ್ಲಿದ್ದವರ ಸೇವ್ ಕೆಡಿಸಿದೆವು, ಆ ವಾರ ಹಣ ವಾಪಸ್ ಕೇಳಿದವರು ಮಾಮೂಲಿಗಿಂತ ಎರಡರಷ್ಟು.

ಎರಡನೇ ಸಲ ಆಡಿದವರನ್ನು ಎಣಿಸಲು ಬೇರೆ ಸಾಧನ ಹಾಕಲಿಲ್ಲ. ಸ್ಟೀಮ್ ಅಚೀವ್‌ಮೆಂಟ್‌ನ (ಆಟದ ಒಂದು ಹಂತ ಮುಟ್ಟಿದವರಿಗೆ ಸಿಗುವ ಪದಕ) ಶೇಕಡಾವಾರು ಸಾಕು. ‘ಹದಿನಾಲ್ಕನೇ ಸರದಿ’ ಎಂಬುದು ಈಗ ಶೇ 38ರ ಹತ್ತಿರ ಇದೆ, ಎರಡನೇ ಸಲ ಮೊದಲ ತೂಬು ಎತ್ತಿದಾಗ ಸಿಗುವ ಗುಪ್ತ ಅಚೀವ್‌ಮೆಂಟ್ ಶೇ 17ರ ಆಸುಪಾಸು. ಬೆಲೆ ₹349, ಅದರಲ್ಲಿ ಶೇ 30 ಸ್ಟೀಮ್‌ಗೆ. ಪಟ್ಟಿಗೆ ಸೇರಿಸಲು ಕಟ್ಟಿದ 100 ಡಾಲರ್ ಸಾವಿರ ಡಾಲರ್ ವ್ಯಾಪಾರ ದಾಟಿದ ಮೇಲೆ ಹಿಂದಿರುಗಿತು. ಹಾಕಿದ ಬಂಡವಾಳದಲ್ಲಿ ಮುಕ್ಕಾಲು ಪಾಲು ವಾಪಸ್ ಬಂದಿದೆ. ಈಗ ನಾಲ್ಕನೇ ಜೊತೆಗಾರನಾಗಿ ಕೆಳಗದ್ದೆಯ ರೈತನ ಪದರ ಬರೆಯುತ್ತಿದ್ದೇವೆ, 1,700 ಪದ, ಆರು ದೃಶ್ಯ ಆಗಿದೆ.